ಜೇಬಲ್ಲಿ ಮೂರು ಮೊಟ್ಟೆ

ಗುಂಡ ಪ್ರೋಟೀನ್ ಬಾರನ್ನು ಮೇಜಿಗೆ ಒಂದು ಸಲ ಕುಟ್ಟಿದ. ಟಣ್ ಅಂತು.

"ಇದು ತಿನ್ನೋದೋ, ಮೊಳೆ ಹೊಡೆಯೋದೋ?" ಅಂದರು ಮೇಷ್ಟ್ರು.

ಗುಂಡ ಜಿಮ್ಮಿಗೆ ಸೇರಿ ಮೂರು ತಿಂಗಳಾಯಿತು. ಮೊದಲೆಲ್ಲ ಸಿಕ್ಕಾಗ ಮಳೆ, ಚುನಾವಣೆ, ಯಾರದೋ ಮದುವೆ ಅಂತ ಹರಟುತ್ತಿದ್ದವನು ಈಗ ಪ್ರೋಟೀನಿನ ಗ್ರಾಂ ಬಿಟ್ಟು ಬೇರೆ ಮಾತಾಡುವುದಿಲ್ಲ. "ಊಟ ಆಯ್ತೇನೋ?" ಅಂದರೆ "42 ಗ್ರಾಂ ಆಯ್ತು" ಅನ್ನುತ್ತಾನೆ. ಅವತ್ತು ಭಾನುವಾರ ಸಂಜೆ ಅವನ ಮನೆಯಲ್ಲಿ ನಾಲ್ಕು ಜನ ಸೇರಿದ್ದೆವು. ಗುಂಡ, ಅವನ ಅಕ್ಕ, ರಿಟೈರಾದ ಲೆಕ್ಕದ ಮೇಷ್ಟ್ರು, ಮತ್ತೆ ನಾನು. ಮಧ್ಯದಲ್ಲಿ ಹನ್ನೆರಡು ಪ್ರೋಟೀನ್ ಬಾರುಗಳ ಡಬ್ಬಿ. ಸತ್ಯನಾರಾಯಣ ಕಲಶದ ಹಾಗೆ ಕೂರಿಸಿದ್ದ.

"ಒಂದು ಬಾರು 60 ಗ್ರಾಂ. ಅದರಲ್ಲಿ ಪ್ರೋಟೀನು 20 ಗ್ರಾಂ. ಒಲೆ ಬೇಡ, ಪಾತ್ರೆ ಬೇಡ. ಬಿಚ್ಚು, ತಿನ್ನು, ಮುಗೀತು!"

"ಮುಗಿಯೋದು ಹಲ್ಲು ಕಣೋ" ಅಂದರು ಮೇಷ್ಟ್ರು.

ಅಕ್ಕ ಒಳಗಿಂದ ಚಾಕು ತಂದಳು. ಅವಳು ತಿನಿಸು ತಯಾರಿಸುವ ಕಾರ್ಖಾನೆಯ ಲ್ಯಾಬಿನಲ್ಲಿ ತುಂಬಾ ವರ್ಷ ಕೆಲಸ ಮಾಡಿದವಳು. ಹಾಗಾಗಿ ಏನನ್ನೂ ಸುಮ್ನೆ ತಿನ್ನುವುದಿಲ್ಲ, ನಮ್ಮನ್ನೂ ತಿನ್ನಲು ಬಿಡುವುದಿಲ್ಲ. ಚಾಕುವಿನ ಮೇಲೆ ಅಂಗೈ ಒತ್ತಿ, ಪೂರಾ ಭಾರ ಹಾಕಿ ಕುಯ್ದಳು.

"ಹಳೇ ಸರಕು ಇದು. ಪ್ರೋಟೀನ್ ಪುಡೀನ ಪಾಕದಲ್ಲಿ ಕಲಸಿ ಒತ್ತಿದಾಗ ಮೆತ್ತಗೇ ಇರುತ್ತೆ. ದಿನ ಕಳೀತಾ ಒಳಗಿನ ತೇವ ಅತ್ತಿತ್ತ ಸರಿದು, ಪ್ರೋಟೀನು ಒಂದಕ್ಕೊಂದು ಅಂಟಿಕೊಂಡು ಬಿಗಿಯುತ್ತೆ. ಹಾಗಾಗದೆ ಇರ್ಲಿ ಅಂತಾನೇ ಗ್ಲಿಸರಿನ್ ಹಾಕೋದು."

"ಗ್ಲಿಸರಿನ್ನಾ? ಒಡೆದ ಹಿಮ್ಮಡಿಗೆ ಹಚ್ತಾರಲ್ಲ, ಅದಾ?" ಅಂದೆ.

"ಅದೇ. ಹಿಮ್ಮಡಿಗೂ ಬಾರಿಗೂ ಅದು ಮಾಡೋದು ಒಂದೇ ಕೆಲಸ. ತೇವ ಹಿಡಿದಿಡೋದು."

ತಲಾ ಒಂದು ತುಂಡು ಬಾಯಿಗೆ ಹಾಕಿಕೊಂಡೆವು. ಮೊದಲು ಚಾಕೊಲೇಟು. ಆಮೇಲೆ ಸೀಮೆಸುಣ್ಣ. ಕೊನೆಗೆ ಉಳಿದದ್ದು ಗೋಂದು, ಅದು ಮೇಲಿನ ದವಡೆಗೆ ಹೋಗಿ ಕೂತಿತು. ಎರಡು ನಿಮಿಷ ಯಾರಿಗೂ ಮಾತಾಡಲು ಆಗಲಿಲ್ಲ. ನಮ್ಮ ಗುಂಪಿನ ಇತಿಹಾಸದಲ್ಲೇ ಇಷ್ಟು ಮೌನ ಇದ್ದಿಲ್ಲ.

ಮೊದಲು ಬಾಯಿ ಬಿಡಿಸಿಕೊಂಡವರು ಮೇಷ್ಟ್ರು. "ನಾನು ಮೂವತ್ತೈದು ವರ್ಷ ಸೀಮೆಸುಣ್ಣದ ಪುಡಿ ತಿಂದವನು. ಇದಕ್ಕಿಂತ ರುಚಿಯಾಗಿತ್ತು."

ಕವರು ಅವರ ಕೈಗೆ ಹೋಯಿತು, ಪೆನ್ಸಿಲು ಜೇಬಿನಿಂದ ಹೊರಬಂತು. "220 ಕ್ಯಾಲೊರಿ. ಪ್ರೋಟೀನು ಗ್ರಾಮಿಗೆ 4 ಕ್ಯಾಲೊರಿ. 20 ನಾಲ್ಕಲಿ 80. ಉಳಿದ 140 ಎಲ್ಲಿಂದ ಬಂತಪ್ಪಾ?"

"ಬೇರೆಯದರಿಂದ" ಅಂದ ಗುಂಡ.

"ಅದೇ ಕೇಳಿದ್ದು. ಪ್ರೋಟೀನಿನಿಂದ ಬಂದಿದ್ದು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಮಿಕ್ಕಿದ್ದು ಪಾಕ, ಎಣ್ಣೆ, ಮೇಲೆ ಹೊದ್ದಿಸಿದ ಚಾಕೊಲೇಟು. ಹಾಗಾದ್ರೆ ಹೆಸರು 'ಪ್ರೋಟೀನ್ ಬಾರು' ಅಂತ ಯಾಕೆ?"

"ಲೆಕ್ಕದ ಮೇಷ್ಟ್ರಿಗೆ ಬರೀ ಲೆಕ್ಕ ಬರುತ್ತಾ? ಮಗ್ಗಿ ಮಧ್ಯೆ ಬೈಗುಳಾನೂ ಬರ್ತಿತ್ತಲ್ಲ" ಅಂದ ಗುಂಡ. ಅವನು ಮೇಷ್ಟ್ರ ಹಳೇ ಶಿಷ್ಯ.

ನಾನು ನ್ಯಾಯಸ್ಥನಂತೆ ನಡುವೆ ಬಾಯಿ ಹಾಕಿದೆ. "ಅದ್ಯಾಕೆ ಅಷ್ಟೆಲ್ಲ? ಒಂದು ಹಿಡಿ ಕಡಲೆಕಾಯಿ ಬೀಜ ತಿಂದ್ರೆ ಆಯ್ತಪ್ಪ. ಪ್ರೋಟೀನಿನ ಗಣಿ ಅದು."

ಅಕ್ಕ ನಕ್ಕಳು. "ಗಣಿ ನಿಜ. ಆದ್ರೆ ಅಗೆಯೋವಾಗ ಎಣ್ಣೆನೂ ಬರುತ್ತೆ. 20 ಗ್ರಾಂ ಪ್ರೋಟೀನ್ ಬೇಕು ಅಂದ್ರೆ ಸುಮಾರು 80 ಗ್ರಾಂ ಬೀಜ ತಿನ್ನಬೇಕು. ಅದು 450 ಕ್ಯಾಲೊರಿ. ಬಾರಿನ ಎರಡರಷ್ಟು!"

ಗುಂಡ ಎದ್ದು ನಿಂತು ಚಪ್ಪಾಳೆ ತಟ್ಟಿದ. ನಾನು ನನ್ನ ಕಡಲೆಕಾಯಿಯನ್ನು ವಾಪಸು ತೆಗೆದುಕೊಂಡೆ.

"ಕೂತ್ಕೋ" ಅಂದಳು ಅಕ್ಕ. "ಒಂದು ಮೊಟ್ಟೇಲಿ 6 ಗ್ರಾಂ ಚಿಲ್ಲರೆ. ಮೂರು ಮೊಟ್ಟೆ ಅಂದ್ರೆ ಹತ್ರಹತ್ರ 19 ಗ್ರಾಂ, 215 ಕ್ಯಾಲೊರಿ. ನಿನ್ನ ಬಾರು ಅಂದ್ರೆ ಮೂರು ಮೊಟ್ಟೆ, ಅಷ್ಟೇ. ಜಾಸ್ತಿನೂ ಇಲ್ಲ, ಕಮ್ಮಿನೂ ಇಲ್ಲ. ರೇಟಿನಲ್ಲಿ ಮಾತ್ರ ಮೊಟ್ಟೆ ಹತ್ರ ಅದು ಸುಳಿಯಲ್ಲ."

ಅಲ್ಲಿಗೆ ಸಭೆ ಮುಗಿಯಬೇಕಿತ್ತು. ಆದರೆ ಗುಂಡ ಸೋಲುವ ಆಸಾಮಿ ಅಲ್ಲ. "ಅಕ್ಕಾ, ನಾಳೆ ಮೂರು ಮೊಟ್ಟೆ ಜೇಬಲ್ಲಿಟ್ಕೊಂಡು ಬಸ್ಸು ಹತ್ತು. ನಿಂತ್ಕೊಂಡೇ ಹೋಗು. ಇಳಿದ ಮೇಲೆ ನಂಗೆ ಫೋನ್ ಮಾಡು."

ನಿಜ ಹೇಳಬೇಕೆಂದರೆ ಈ ಇಡೀ ಚರ್ಚೆಯಲ್ಲಿ ಬಾರಿನ ಪರವಾಗಿ ಬಂದ ಗಟ್ಟಿ ಮಾತು ಇದೊಂದೇ. ಅದು ಒಡೆಯುವುದಿಲ್ಲ, ಸೋರುವುದಿಲ್ಲ, ಹಳಸುವುದಿಲ್ಲ, ಬ್ಯಾಗಿನ ತಳದಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಆಸ್ಪತ್ರೆಯ ಬೆಂಚಿನ ಮೇಲೆ ಯಾರಿಗೋ ಕಾಯುತ್ತಾ ಕೂತಾಗ, ರೈಲು ನಾಲ್ಕು ಗಂಟೆ ತಡವಾದಾಗ, ಬಿಸ್ಕತ್ತಿಗಿಂತ ಅದು ನೂರು ಪಾಲು ವಾಸಿ. ನಾನೂ ಒಂದು ಕಾಲದಲ್ಲಿ ಹಾಗೇ ನಂಬಿದ್ದೆ. ಆ ಬಸ್ಸಿನ ಪ್ರಯಾಣದವರೆಗೆ.

"ಹೇಳು ಹೇಳು" ಅಂದ ಗುಂಡ. ಅವನಿಗೆ ಈ ಕಥೆ ಬಾಯಿಪಾಠ, ಆದರೂ ಬೇಕು.

ಆರು ಗಂಟೆಗಳ ಬಸ್ ಪ್ರಯಾಣ. ಊಟಕ್ಕೆ ಇಳಿಯುವ ರಗಳೆ ಬೇಡ ಅಂತ ಮೂರು ಬಾರು ತೆಗೆದುಕೊಂಡು ಹತ್ತಿದ್ದೆ. ಕವರಿನ ಮೇಲೆ 'ಸಕ್ಕರೆ ಸೊನ್ನೆ' ಅಂತ ದಪ್ಪಕ್ಷರದಲ್ಲಿತ್ತು. ಸಕ್ಕರೆ ಸೊನ್ನೆ ಅಂದ ಮೇಲೆ ಮೂರೂ ತಿನ್ನಬಹುದಲ್ಲ? ಮೂರೂ ತಿಂದೆ. ಒಂದು ಗಂಟೆ ಕಳೆಯಿತು, ಹೊಟ್ಟೆಯೊಳಗೆ ಯಾರೋ ಮೇಜು ಕುರ್ಚಿ ಎಳೆದಾಡಿದ ಸದ್ದು. ಪಕ್ಕದ ಸೀಟಿನವರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಕಿಟಕಿಯಾಚೆ ಮೋಡ ಇದೆಯೇ ಅಂತ ನೋಡಿದರು. ಎರಡನೇ ಗಂಟೆಗೆ ನಾನು ಡ್ರೈವರಿನ ಬೆನ್ನ ಹಿಂದೆ ನಿಂತಿದ್ದೆ. ಮಾತಾಡಲಿಲ್ಲ. ಆತ ಕನ್ನಡಿಯಲ್ಲಿ ನನ್ನ ಮುಖ ನೋಡಿ ತಾನಾಗೇ ಬ್ರೇಕ್ ಹಾಕಿದ. ಪುಣ್ಯಾತ್ಮ. ಅವನಿಗೂ ಯಾವಾಗಲೋ ಆಗಿರಬೇಕು.

"ಮಾಲ್ಟಿಟಾಲ್" ಅಂದಳು ಅಕ್ಕ, ಕಳ್ಳನ ಹೆಸರು ಹೇಳುವ ದನಿಯಲ್ಲಿ. "ಸಕ್ಕರೆಯ ದಾಯಾದಿ. ಬಾಯಿಗೆ ಸಿಹಿ, ಕ್ಯಾಲೊರಿ ಸಕ್ಕರೆಯ ಅರ್ಧದಷ್ಟು. ಆದ್ರೆ ಸಣ್ಣ ಕರುಳಲ್ಲಿ ಪೂರ್ತಿ ಹೀರಿಕೊಳ್ಳಲ್ಲ. ಉಳಿದಿದ್ದು ದೊಡ್ಡ ಕರುಳಿಗೆ ಇಳಿದು ನೀರು ಎಳ್ಕೊಳ್ಳುತ್ತೆ. ಅಲ್ಲಿರೋ ಬ್ಯಾಕ್ಟೀರಿಯಾ ಅದನ್ನ ಹುಳಿ ಬರಿಸಿ ಗ್ಯಾಸ್ ಮಾಡುತ್ತೆ. ಯುರೋಪ್ ಒಕ್ಕೂಟದಲ್ಲಿ ಈ ಜಾತಿ ಸಿಹಿ ಶೇ. 10ಕ್ಕಿಂತ ಜಾಸ್ತಿ ಹಾಕಿದ್ರೆ, 'ಹೆಚ್ಚು ತಿಂದರೆ ಭೇದಿಯಾಗಬಹುದು' ಅಂತ ಕವರಿನ ಮೇಲೆ ಬರೀಲೇಬೇಕು."

"ಬರೆದಿತ್ತೇನೋ?" ಮೇಷ್ಟ್ರು ನನ್ನ ಕಡೆ ತಿರುಗಿದರು.

"ಏನೋ ಬರೆದಿತ್ತು ಮೇಷ್ಟ್ರೇ. ಇರುವೆ ಸಾಲಿನ ಹಾಗಿತ್ತು."

ಅಕ್ಕ ಅದೇ ಇರುವೆ ಸಾಲನ್ನು ಈಗ ಗುಂಡನ ಬಾರಿನ ಕವರಿನಲ್ಲಿ ಓದತೊಡಗಿದಳು. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯುತ್ತಾರಂತೆ, ಕಮ್ಮಿ ಇರುವುದು ಕೊನೆಗೆ. "ಮೊದಲನೇದು ವ್ಹೇ. ಹಾಲು ಒಡೆದಾಗ ನಿಲ್ಲುತ್ತಲ್ಲ ತಿಳಿನೀರು, ಅದರ ಪ್ರೋಟೀನು. ಒಳ್ಳೇದು. ಎರಡನೇದು... ಆಹಾ! ಕೊಲಾಜನ್."

"ಅದೂ ಪ್ರೋಟೀನೇ ತಾನೇ?" ಅಂದ ಗುಂಡ.

"ಪ್ರೋಟೀನೇ. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯೋದು. ಆದ್ರೆ ಊಟದಿಂದ್ಲೇ ಸಿಗಬೇಕಾದ ಅಮೈನೋ ಆಮ್ಲ ಒಂಬತ್ತಿವೆ ನೋಡು, ಅದರಲ್ಲಿ ಟ್ರಿಪ್ಟೊಫಾನ್ ಇದರಲ್ಲಿಲ್ಲ. ಮಾಂಸಖಂಡ ಕಟ್ಟೋಕೆ ಇದನ್ನೇ ನಂಬ್ಕೊಂಡ್ರೆ ಆಗಲ್ಲ. ಲೆಕ್ಕದಲ್ಲಿ ಮಾತ್ರ 20 ಗ್ರಾಮಿನೊಳಗೆ ಕೂತಿರುತ್ತೆ."

"ಅದು ಹೆಂಗೆ ಕೂರುತ್ತೆ?" ಲೆಕ್ಕ ಅಂದ ಕೂಡಲೇ ಮೇಷ್ಟ್ರ ಕಿವಿ ನೆಟ್ಟಗಾಯಿತು.

"ಪ್ರೋಟೀನನ್ನ ನೇರವಾಗಿ ಅಳೆಯೋದು ಕಷ್ಟ ಮೇಷ್ಟ್ರೇ. ಅದಕ್ಕೆ ಮಾಮೂಲಿಯಾಗಿ ಸಾರಜನಕ ಅಳೀತಾರೆ. ಪ್ರೋಟೀನಲ್ಲಿ ಹೆಚ್ಚುಕಮ್ಮಿ ಶೇ. 16 ಸಾರಜನಕ. ಸಿಕ್ಕಿದ್ದನ್ನ 6.25ರಿಂದ ಗುಣಿಸಿದ್ರೆ ಆಯ್ತು. 1883ರಲ್ಲಿ ಯೋಹಾನ್ ಕೆಲ್ಡಾಲ್ ಅಂತ ಡೆನ್ಮಾರ್ಕಿನ ರಸಾಯನಶಾಸ್ತ್ರಿ ಮಾಡಿಕೊಟ್ಟ ಉಪಾಯ. ಬಿಯರ್ ಕಂಪನಿಯ ಲ್ಯಾಬಲ್ಲಿ ಇದ್ದೋರು. ಧಾನ್ಯದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಬೇಕಾಗಿತ್ತು."

"ಬಿಯರ್ ಅಂದ್ಯಾ?" ಅಂದ ಗುಂಡ.

"ನೀನು ಸುಮ್ನಿರು. ಸಾರಜನಕಕ್ಕೆ ತಾನು ಮೊಟ್ಟೆಯಿಂದ ಬಂದೆನೋ ಮೂಳೆಯಿಂದ ಬಂದೆನೋ ಅಂತ ಗೊತ್ತಾಗುತ್ತಾ? ಎಲ್ಲಾನೂ ಒಂದೇ ತಕ್ಕಡಿ."

ಮೇಷ್ಟ್ರಿಗೆ ಇದು ತೀರಾ ಹಿಡಿಸಿತು. "ಅಂದ್ರೆ ಕಾಪಿ ಹೊಡೆದೋನಿಗೂ ಓದಿ ಬರೆದೋನಿಗೂ ಒಂದೇ ಮಾರ್ಕು!" ಅಂತ ತೊಡೆ ತಟ್ಟಿ ನಕ್ಕರು. ಆ ಹುರುಪಿನಲ್ಲೇ ಪೆನ್ಸಿಲು ಗುಂಡನ ಕಡೆ ತಿರುಗಿತು. "ನಿನ್ನ ತೂಕ ಎಷ್ಟೋ? 72? ದಿನಕ್ಕೆ ಏನೇನು ತಿಂತೀಯ ಹೇಳು."

ಗುಂಡ ಹೆಮ್ಮೆಯಿಂದ ಹೇಳಿದ. ನಾಲ್ಕು ಮೊಟ್ಟೆ, 24. ಎರಡು ಲೋಟ ಹಾಲು, 16. ಬೇಯಿಸಿದ ಕೋಳಿ ಎದೆಮಾಂಸ 200 ಗ್ರಾಂ, 62. ಎರಡು ಬಟ್ಟಲು ಬೆಂದ ಬೇಳೆ, 18. ಒಟ್ಟು 120. ಸಾಮಾನ್ಯ ಜನಕ್ಕೆ ಕೆಜಿಗೆ 0.8 ಗ್ರಾಂ ಸಾಕು. ಭಾರ ಎತ್ತುವವರಿಗೆ 1.6 ಅಂತ ಹಿಡಿದರೂ 72ಕ್ಕೆ 115 ಆಯಿತು.

"ಬಾರು ಬಾಯಿಗೆ ಬರೋ ಮೊದಲೇ ನಿನ್ನ ಕೊಡ ತುಂಬಿದೆಯಲ್ಲೋ! ಮಿಕ್ಕಿದ್ದು ಏನಾಗುತ್ತಮ್ಮಾ?"

"ಉರಿದು ಹೋಗುತ್ತೆ, ಇಲ್ಲಾ ಕೊಬ್ಬಾಗುತ್ತೆ. ಸಾರಜನಕ ಯೂರಿಯಾ ಆಗಿ ಬಚ್ಚಲಿಗೆ. ಮೂರು ತಿಂಗಳಿಂದ ಬಚ್ಚಲನ್ನ ಬಾಡಿ ಬಿಲ್ಡಿಂಗಿಗೆ ಸೇರಿಸಿದ್ದಾನೆ" ಅಂದಳು ಅಕ್ಕ.

ಗುಂಡನ ಮುಖ ಹಳೇ ಬಾರಿನಂತೆ ಬಿಗಿಯಿತು. "ನಿಮ್ಮದು ಹೇಳಿ ಮೇಷ್ಟ್ರೇ. ನೀವೇನು ತಿಂತೀರ?"

ಮೇಷ್ಟ್ರು ನಗುತ್ತಲೇ ಶುರು ಮಾಡಿದರು. ಬೆಳಿಗ್ಗೆ ಎರಡು ಹೋಳು ಬ್ರೆಡ್ಡು, ಟೀ. ಮಧ್ಯಾಹ್ನ ಒಂಚೂರು ಅನ್ನ, ಒಂದು ಸಣ್ಣ ಬಟ್ಟಲು ಬೇಳೆ. ಸಂಜೆ ಮತ್ತೆ ಟೀ, ಬಿಸ್ಕತ್ತು. ರಾತ್ರಿ ಹಸಿವಿರಲ್ಲ, ಒಂದು ಲೋಟ ಹಾಲು. ಕೂಡುತ್ತಾ ಕೂಡುತ್ತಾ ಪೆನ್ಸಿಲು ನಿಧಾನವಾಯಿತು. ಎಷ್ಟು ಎಳೆದರೂ 35 ದಾಟಲಿಲ್ಲ. ಎರಡನೇ ಸಲ ಕೂಡಿದರು. ಲೆಕ್ಕ ಸರಿಯಾಗೇ ಇತ್ತು.

"ನಿಮ್ಮ ತೂಕ 60. ಅರವತ್ತೈದು ದಾಟಿದೋರಿಗೆ ಕೆಜಿಗೆ 1ರಿಂದ 1.2 ಇರ್ಲಿ ಅಂತಾರೆ ಮೇಷ್ಟ್ರೇ" ಅಂದಳು ಅಕ್ಕ, ಈ ಸಲ ಮೆತ್ತಗೆ. "ವಯಸ್ಸಾದ ಮೇಲೆ ಮಾಂಸಖಂಡ ತಾನಾಗೇ ಕರಗುತ್ತೆ. ಮೊನ್ನೆ ಮೆಟ್ಟಿಲು ಹತ್ತೋವಾಗ ಕಂಬಿ ಹಿಡ್ಕೊಂಡ್ರಲ್ಲ."

"ಕಂಬಿ ಇರೋದು ಹಿಡ್ಕೊಳ್ಳೋಕೆ" ಅಂದರು. ಆದರೆ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ಇಷ್ಟು ಹೊತ್ತು ಬಾರನ್ನು ಎಲ್ಲರಿಗಿಂತ ಜಾಸ್ತಿ ಆಡಿಕೊಂಡವರಿಗೇ ಪ್ರೋಟೀನು ಕಮ್ಮಿ! ಗುಂಡನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಡಬ್ಬಿಯಿಂದ ಒಂದು ಬಾರು ತೆಗೆದು ಅವರ ಕೈಗಿಟ್ಟ. "ರಾತ್ರಿ ಹಾಲಿನ ಜೊತೆ ತಿನ್ನಿ ಮೇಷ್ಟ್ರೇ. ನೆನೆಸ್ಕೊಂಡು."

ಮೇಷ್ಟ್ರು ಬೇಡ ಅನ್ನಲಿಲ್ಲ. ಚಪ್ಪಲಿ ಮೆಟ್ಟಿ ಗೇಟಿನವರೆಗೂ ಹೋದರು. ಅಲ್ಲೇ ನಿಂತು, ಕನ್ನಡಕ ಹಣೆಗೆ ಏರಿಸಿ, ಕವರನ್ನು ಮೂಗಿನ ಹತ್ತಿರ ಹಿಡಿದರು. ಅಕ್ಕ ಕೊಲಾಜನ್ ಹತ್ತಿರ ಓದು ನಿಲ್ಲಿಸಿದ್ದಳಲ್ಲ, ಅದರ ಮುಂದಿನ ಇರುವೆ ಏನು ಅಂತ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ವಾಪಸು ಬಂದು ಬಾರನ್ನು ಮೇಜಿನ ಮೇಲಿಟ್ಟರು.

"ಮೂರನೇದು ಮಾಲ್ಟಿಟಾಲ್" ಅಂದರು. "ಮನೇಲಿ ಬೇಯಿಸಿದ ಮೊಟ್ಟೆ ಇದ್ಯಾ?"

ಅಕ್ಕ ಒಳಗೆ ಹೋಗಿ ಮೂರು ತಂದಳು. ಅಂಗಿ ಜೇಬಿಗೆ ಒಂದು, ಪ್ಯಾಂಟಿನ ಎರಡು ಜೇಬಿಗೆ ಒಂದೊಂದು ಇಳಿಸಿಕೊಂಡು, ಕಾಲು ಅಗಲ ಮಾಡಿಕೊಂಡು, ಮೇಷ್ಟ್ರು ಮೆಟ್ಟಿಲು ಇಳಿದರು. ಕಂಬಿ ಹಿಡಿಯಲಿಲ್ಲ. ಎರಡೂ ಕೈ ಜೇಬಿನ ಮೇಲಿದ್ದವು.