ಬೆಳಗ್ಗೆ ಎರಡನೇ ಗೇರ್ ಕರ್ ಅನ್ನುತ್ತೆ, ಹಿಂದೆ ಗುಂಯ್ ಸದ್ದು: 370ಝೆಡ್‌ಗೆ ಯಾವ ಗೇರ್ ಆಯಿಲ್?

ಆಲ್ದೂರು ಅರೇಬಿಕಾ:

ಎಲ್ಲರಿಗೂ ನಮಸ್ಕಾರ. ಊರು ಚಿಕ್ಕಮಗಳೂರು ಹತ್ತಿರ ಆಲ್ದೂರು. ಗಾಡಿ ನಿಸಾನ್ 370ಝೆಡ್, ಆರು ಗೇರಿನ ಮ್ಯಾನ್ಯುಯಲ್. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಈ ರಸ್ತೆಗೆ ಈ ಗಾಡಿ ಯಾಕೆ ಅಂತ ನೀವು ಕೇಳಬೇಡಿ, ಪ್ರತಿ ಹಂಪ್‌ನಲ್ಲೂ ಅಪ್ಪ ಕೇಳುತ್ತಾರೆ.

ಎರಡು ತೊಂದರೆ ಇದೆ. ಬೆಳಗ್ಗೆ ಮಂಜಿನಲ್ಲಿ ಗಾಡಿ ತೆಗೆದರೆ ಒಂದರಿಂದ ಎರಡನೇ ಗೇರ್‌ಗೆ ಹಾಕುವಾಗ ಕರ್ ಅನ್ನುತ್ತದೆ. ಹತ್ತು ಕಿಲೋಮೀಟರ್ ಓಡಿದ ಮೇಲೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಇನ್ನೊಂದು, 80ರ ಸ್ಪೀಡ್ ಹತ್ತಿರ ಹಿಂದಿನಿಂದ ಗುಂಯ್ ಅಂತ ಸದ್ದು.

ಎರಡು ತಿಂಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಎರಡಕ್ಕೂ ಆಯಿಲ್ ಬದಲಿಸಿದ್ದೆ. ಎರಡನೇ ಗೇರ್ ಮೊದಲೂ ಸ್ವಲ್ಪ ಬಿಗಿ ಇತ್ತು, ಕರ್ ಅನ್ನುತ್ತಿರಲಿಲ್ಲ. ಹಿಂದಿನ ಸದ್ದಂತೂ ಇರಲೇ ಇಲ್ಲ. ಕೇಳಿದರೆ, "ಎರಡಕ್ಕೂ ಒಂದೇ ಆಯಿಲ್ ಸಾರ್, ಜಿಎಲ್-5, ಜಿಎಲ್-4 ಈಗ ಹಳೇದು" ಅಂದರು. ಜಿಎಲ್ ಅನ್ನುವುದು ಗೇರ್ ಆಯಿಲ್ ದರ್ಜೆಯಂತೆ. ಒಬ್ಬ ಸ್ನೇಹಿತ ಎಲ್‌ಎಸ್‌ಡಿ ಅಡಿಟಿವ್ ಹಾಕು ಅಂತಾನೆ. ಎಲ್‌ಎಸ್‌ಡಿ ಅಂದರೆ ಒಂದೇ ಚಕ್ರ ಸುಮ್ಮನೆ ಸುತ್ತದ ಹಾಗೆ ತಡೆಯುವ ಡಿಫರೆನ್ಷಿಯಲ್. ನನ್ನ ಗಾಡಿಯಲ್ಲಿರುವುದು ವಿಸ್ಕಸ್ ಎಲ್‌ಎಸ್‌ಡಿ. ಮುಂದಿನ ತಿಂಗಳು ಚಾರ್ಮಾಡಿ ಇಳಿದು ಉಜಿರೆಗೆ ಹೋಗಬೇಕು. ಏನು ಹಾಕಲಿ?

ಮೂಡಿಗೆರೆ ಜೀಪು:

ಅದು ಕ್ರೌನ್ ಸದ್ದು ಮಾರಾಯ್ರೆ, ಡಿಫರೆನ್ಷಿಯಲ್ ಒಳಗಿನ ದೊಡ್ಡ ಗೇರ್. ನಮ್ಮ ತೋಟದ ಜೀಪಿಗೆ ಬಂದಾಗ 140 ನಂಬರಿನ ದಪ್ಪ ಆಯಿಲ್ ಹಾಕಿದೆವು. ಸದ್ದು ಅರ್ಧಕ್ಕರ್ಧ ಹೋಯ್ತು. 90 ತೆಗೆದು 140 ಹಾಕಿ, ಮುಗೀತು.

ಹಾಸನ ಸ್ಪ್ಯಾನರ್:

140 ಈಗಲೇ ಬೇಡ. ಅದು ಸದ್ದನ್ನು ಮುಚ್ಚುತ್ತದೆ ಅಷ್ಟೆ, ಸದ್ದು ಯಾಕೆ ಬಂತು ಅನ್ನುವುದು ಅಲ್ಲೇ ಉಳಿಯುತ್ತದೆ. ಏನೂ ಸುರಿಯುವ ಮೊದಲು ನಾಲ್ಕು ವಿಷಯ ಹೇಳಿ.

ಎಂಜಿನ್ ಆಫ್ ಮಾಡಿ ಎರಡನೇ ಗೇರ್ ಹಾಕಿದರೆ ಸಲೀಸಾಗಿ ಬೀಳುತ್ತದಾ? ಎಂಜಿನ್ ಆನ್ ಇದ್ದು, ನಿಂತಲ್ಲೇ ಕ್ಲಚ್ ಒತ್ತಿ, ಐದು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಅಲ್ಲೂ ಕರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಆಗ ಯಾವ ಆಯಿಲ್ ಹಾಕಿದರೂ ದುಡ್ಡು ದಂಡ. ಹಿಂದಿನ ಸದ್ದು ಆಕ್ಸಿಲರೇಟರ್ ಒತ್ತಿದಾಗಲೋ, ಕಾಲು ಎತ್ತಿದಾಗಲೋ? ಕೊನೆಯದು, ಗ್ಯಾರೇಜಿನ ಬಿಲ್ ಇದೆಯಾ? ಇದ್ದರೆ ಆಯಿಲ್ ಸಾಲಿನಲ್ಲಿ ಏನು ಬರೆದಿದೆ, ಇದ್ದ ಹಾಗೇ ಹೇಳಿ.

ಆಲ್ದೂರು ಅರೇಬಿಕಾ:

ಎಂಜಿನ್ ಆಫ್ ಇದ್ದಾಗ ಬೆಣ್ಣೆಯ ಹಾಗೆ ಬೀಳುತ್ತದೆ. ರಿವರ್ಸ್‌ಗೂ ಸದ್ದಿಲ್ಲ. ಹಿಂದಿನ ಗುಂಯ್ ಎರಡರಲ್ಲೂ ಇದೆ, ಕಾಲು ಎತ್ತಿದಾಗ ಜಾಸ್ತಿ.

ಬಿಲ್ ಡ್ಯಾಶ್‌ಬೋರ್ಡಿನಲ್ಲೇ ಸಿಕ್ಕಿತು. "ಗೇರ್ ಆಯಿಲ್ 80ಡಬ್ಲ್ಯೂ-90 ಜಿಎಲ್-5, 1 ಲೀ, 3 ನಗ."

ಹಾಸನ ಸ್ಪ್ಯಾನರ್:

ಮೂರು ಲೀಟರ್! ಈ ಗಾಡಿಯ ಗೇರ್‌ಬಾಕ್ಸ್ ಒಂದಕ್ಕೇ ಸುಮಾರು ಅಷ್ಟು ಬೇಕು. ಡಿಫರೆನ್ಷಿಯಲ್‌ಗೆ ಬೇರೆ 1.4 ಲೀಟರ್ ಹತ್ತಿರ ಹಿಡಿಯುತ್ತದೆ. ಎರಡೂ ಸೇರಿದರೆ ನಾಲ್ಕು ಲೀಟರ್ ದಾಟುತ್ತದೆ. ಅಂದರೆ ಎಲ್ಲೋ ಒಂದು ಕಡೆ, ಇಲ್ಲ ಎರಡೂ ಕಡೆ, ಆಯಿಲ್ ಕಡಿಮೆ ಇದೆ. ಹಿಂದಿನ ಸದ್ದಿಗೆ ನನ್ನ ಮೊದಲ ಅನುಮಾನ ಅದೇ. ಲೆವೆಲ್ ನೋಡುವ ತನಕ ಘಾಟಿ ಕಡೆ ಹೋಗಬೇಡಿ.

ಈಗ ಜಿಎಲ್-4, ಜಿಎಲ್-5 ವಿಷಯ. 4 ಹಳೇದು, 5 ಹೊಸದು ಅನ್ನುವುದು ತಪ್ಪು ಲೆಕ್ಕ. ಅವು ಬೇರೆ ಬೇರೆ ಕೆಲಸಕ್ಕೆ ಇರುವ ಆಯಿಲ್.

ಡಿಫರೆನ್ಷಿಯಲ್‌ನಿಂದ ಶುರು ಮಾಡೋಣ. ಅದರಲ್ಲಿ ಪಿನಿಯನ್ (ಕ್ರೌನ್ ತಿರುಗಿಸುವ ಸಣ್ಣ ಗೇರ್) ಕ್ರೌನ್‌ನ ನಡುಮಧ್ಯಕ್ಕೆ ಬಂದು ಕೂರುವುದಿಲ್ಲ, ಸ್ವಲ್ಪ ಕೆಳಗೆ ಕೂರುತ್ತದೆ. ಹೈಪಾಯ್ಡ್ ಅನ್ನುವುದು ಇದನ್ನೇ. ಹೀಗೆ ಕೂತಾಗ ಹಲ್ಲುಗಳು ಬರೀ ಉರುಳುವುದಿಲ್ಲ, ಒಂದರ ಮೇಲೊಂದು ಉಜ್ಜಿಕೊಂಡು ಜಾರುತ್ತವೆ. ಭಾರವೂ ಬೀಳುತ್ತದೆ, ಜಾರುವುದೂ ಇದೆ. ಆ ಒತ್ತಡಕ್ಕೆ ಆಯಿಲ್ ಪದರ ಹರಿದುಹೋಗುತ್ತದೆ. ಆಗ ಕಾಪಾಡುವುದು ಆಯಿಲ್‌ನಲ್ಲಿರುವ ಸಲ್ಫರ್, ಫಾಸ್ಫರಸ್ ಸೇರಿದ ಇಪಿ, ಅಂದರೆ ಅತಿ ಒತ್ತಡ ತಡೆಯುವ ಅಡಿಟಿವ್. ಅದು ಬಿಸಿಗೆ ಲೋಹದ ಮೇಲೆ ತೆಳ್ಳಗಿನ ಪದರ ಕಟ್ಟುತ್ತದೆ. ಜಿಎಲ್-5ರಲ್ಲಿ ಇದು ಜಿಎಲ್-4ಕ್ಕಿಂತ ತುಂಬಾ ಜಾಸ್ತಿ. ಅಲ್ಲಿಗೆ ಜಿಎಲ್-5 ಇಲ್ಲದೆ ಆಗುವುದಿಲ್ಲ. ಜಿಎಲ್-4 ಹಾಕಿ ಘಾಟಿ ಹತ್ತಿದರೆ ಕ್ರೌನ್ ಪಿನಿಯನ್ ಕಥೆ ಮುಗಿಯುತ್ತದೆ.

ಗೇರ್‌ಬಾಕ್ಸಿನಲ್ಲಿ ಇದರ ಉಲ್ಟಾ. ನೀವು ಎರಡನೇ ಗೇರ್ ಹಾಕುವಾಗ ಸಿಂಕ್ರೋ ರಿಂಗ್ ಹೋಗಿ ಗೇರಿನ ಕೋನ್ ಮೇಲೆ ಉಜ್ಜಬೇಕು. ಉಜ್ಜಿ ಉಜ್ಜಿ ಎರಡರ ವೇಗ ಸಮ ಮಾಡಬೇಕು. ಆಮೇಲಷ್ಟೇ ಹಲ್ಲು ಕೂರುತ್ತದೆ. ಅಂದರೆ ಅಲ್ಲಿ ಹಿಡಿತ ಬೇಕು, ಜಾರಿಕೆ ಅಲ್ಲ. ಡಿಫರೆನ್ಷಿಯಲ್‌ಗೆ ಅಂತ ಮಾಡಿದ ಜಿಎಲ್-5 ಅಲ್ಲಿಗೆ ಹಾಕಿದರೆ, ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಟ್ಟ ಹಾಗೆ. ರಿಂಗ್ ಜಾರುತ್ತದೆ, ವೇಗ ಸಮ ಆಗುವ ಮೊದಲೇ ಹಲ್ಲಿಗೆ ಹಲ್ಲು ತಾಗುತ್ತದೆ, ಕರ್ ಅನ್ನುತ್ತದೆ. ನಿಂತಾಗ ಸಲೀಸು, ಓಡುವಾಗ ಮಾತ್ರ ಕರ್ ಅಂತ ನೀವು ಹೇಳಿದ್ದೂ ಇದಕ್ಕೇ ಸರಿಹೊಂದುತ್ತದೆ.

ಸಿಂಕ್ರೋ ರಿಂಗ್ ಸಾಮಾನ್ಯವಾಗಿ ಹಿತ್ತಾಳೆ ಜಾತಿಯ ಲೋಹ. ಚುರುಕಾದ ಸಲ್ಫರ್ ಬಿಸಿಯಲ್ಲಿ ತಾಮ್ರವನ್ನು ತಿನ್ನುತ್ತದೆ ಅನ್ನುವ ಭಯ ಬಂದದ್ದು ಅದರಿಂದ. ಈಗಿನ ಒಳ್ಳೆಯ ಜಿಎಲ್-5 ಆಯಿಲ್‌ಗಳು ತಾಮ್ರದ ಪಟ್ಟಿ ಪರೀಕ್ಷೆ ಪಾಸಾಗುತ್ತವೆ, ಹಾಗಾಗಿ ಎರಡು ತಿಂಗಳಿಗೆ ರಿಂಗ್ ಕರಗಿಹೋಯಿತು ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ತಿನ್ನದಿದ್ದರೂ ಜಾರುವುದು ಜಾರುತ್ತದೆ. ಬಹಳ ಜನ ಈ ಎರಡನ್ನು ಒಂದೇ ಅಂದುಕೊಂಡಿದ್ದಾರೆ.

ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುವುದು ಹೀಗೆ: ಗೇರ್‌ಬಾಕ್ಸಿಗೆ ಜಿಎಲ್-4, 75ಡಬ್ಲ್ಯೂ-85. ಡಿಫರೆನ್ಷಿಯಲ್‌ಗೆ ಜಿಎಲ್-5, 75ಡಬ್ಲ್ಯೂ-90, ಸಿಂಥೆಟಿಕ್. ಡೀಲರ್ ಹತ್ತಿರ ಸಿಕ್ಕರೆ ಕಂಪನಿಯದೇ ತೆಗೆದುಕೊಳ್ಳಿ. ಇಲ್ಲದಿದ್ದರೆ ರೆಡ್ ಲೈನ್‌ನ ಎಂಟಿ-85 ಇದೆ, ಅದು ಜಿಎಲ್-4, ಅಳತೆಯೂ ಸರಿಯಾಗಿ 75ಡಬ್ಲ್ಯೂ-85. ಡಬ್ಬಿಯ ಮೇಲೆ "ಜಿಎಲ್-4/ಜಿಎಲ್-5" ಅಂತ ಎರಡೂ ಬರೆದಿದ್ದರೆ ನಾನು ಗೇರ್‌ಬಾಕ್ಸಿಗೆ ಹಾಕುವುದಿಲ್ಲ. ಜಿಎಲ್-5 ಭಾರ ತಡೆಯುವುದರಲ್ಲಿ ಜಿಎಲ್-4ನ್ನು ಹೇಗೂ ಮೀರುತ್ತದೆ, ಆದ್ದರಿಂದ ಹಾಗೆ ಬರೆಯುವುದು ಸುಲಭ. ಸಿಂಕ್ರೋಗೆ ಒಗ್ಗುತ್ತದಾ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಅಂಥ ಕೆಲವು ಆಯಿಲ್ ಚೆನ್ನಾಗಿಯೇ ನಡೆಯುತ್ತವೆ ಅನ್ನುವವರೂ ಇದ್ದಾರೆ. ನನ್ನ ಸ್ವಂತ ಗಾಡಿಗೆ ಆ ಪ್ರಯೋಗ ನಾನು ಮಾಡುವುದಿಲ್ಲ.

ಮೂಡಿಗೆರೆ ಜೀಪು:

ಸ್ಪ್ಯಾನರ್ ಅವರೇ, ಒಂದು ಮಾತು. ಚಳಿಗೆ 75ಡಬ್ಲ್ಯೂ ಬೇಕು ಅಂತಾರೆ. ನಮ್ಮಲ್ಲಿ ಹಿಮ ಬೀಳುತ್ತದಾ? ಮುಳ್ಳಯ್ಯನಗಿರಿ ಮೇಲೂ ಬೀಳಲ್ಲ! ಮತ್ತೆ ಎಂಜಿನ್‌ಗೆ 40, 50 ಹಾಕುವಾಗ ಗೇರ್‌ಗೆ 85 ಅಂದರೆ ಅದೇ ದಪ್ಪ ಅಲ್ವಾ?

ಅರ್ಧ ಕ್ಲಚ್:

ನಂಬರ್ ವಿಷಯ ನಾನು ಹೇಳುತ್ತೇನೆ. ಎಂಜಿನ್ ಆಯಿಲ್ ನಂಬರೇ ಬೇರೆ, ಗೇರ್ ಆಯಿಲ್ ನಂಬರೇ ಬೇರೆ. ಸೇರು ಮತ್ತು ಕೆಜಿ ಇದ್ದ ಹಾಗೆ. 100 ಡಿಗ್ರಿಯಲ್ಲಿ ಅಳೆದರೆ ಗೇರ್ ಆಯಿಲ್‌ನ 85 ಅಂದರೆ 11ರಿಂದ 13.5 ಸೆಂಟಿಸ್ಟೋಕ್ಸ್ (ಆಯಿಲ್ ದಪ್ಪದ ಅಳತೆ), 90 ಅಂದರೆ 13.5ರಿಂದ 18.5. ಎಂಜಿನ್ ಆಯಿಲ್‌ನ 40 ಅಂದರೆ 12.5ರಿಂದ 16.3. ಅಂದರೆ ಗೇರ್‌ನ 85, ಎಂಜಿನ್‌ನ 40ಕ್ಕಿಂತ ತೆಳ್ಳಗೂ ಇರಬಹುದು. ನಿಮ್ಮ 140 ಶುರುವಾಗುವುದೇ 24ರಿಂದ.

75ಡಬ್ಲ್ಯೂ ಪರೀಕ್ಷೆ ಮೈನಸ್ 40 ಡಿಗ್ರಿಯಲ್ಲಿ, 80ಡಬ್ಲ್ಯೂ ಮೈನಸ್ 26ರಲ್ಲಿ. ಅಷ್ಟು ಚಳಿ ನಮಗೆ ಬರುವುದಿಲ್ಲ, ನಿಜ. ಆದರೆ ಡಿಸೆಂಬರ್ ಬೆಳಗ್ಗೆ 15 ಡಿಗ್ರಿಯಲ್ಲೂ 80ಡಬ್ಲ್ಯೂ-90, 75ಡಬ್ಲ್ಯೂ-85ಕ್ಕಿಂತ ಮಂದ. ರಿಂಗ್ ಮತ್ತು ಕೋನ್ ನಡುವಿನಿಂದ ಆಯಿಲ್ ಬೇಗ ಹೊರಗೆ ಸರಿದರೆ ತಾನೇ ಉಜ್ಜುವುದು? ಬೆಳಗ್ಗೆ ಮಾತ್ರ ಜಾಸ್ತಿ ತೊಂದರೆ ಇರುವುದು ಇದರಿಂದ.

ಅರೇಬಿಕಾ ಅವರೇ, ನಿಮ್ಮ ಗಾಡಿಯಲ್ಲಿ ಎಸ್ ಬಟನ್ ಇದ್ದರೆ ಅದನ್ನು ಆನ್ ಇಡಿ. ಗೇರ್ ಇಳಿಸುವಾಗ ತಾನೇ ಆರ್‌ಪಿಎಂ ಏರಿಸುತ್ತದೆ, ಸಿಂಕ್ರೋ ಉಳಿಯುತ್ತದೆ.

ಹಾಸನ ಸ್ಪ್ಯಾನರ್:

ನಂಬರ್ ಲೆಕ್ಕ ಸರಿ ಗುರು, ಎಸ್ ಬಟನ್ ಮಾತು ಸರಿ ಇಲ್ಲ. ಅದು ಏರಿಸುವುದು ಎಂಜಿನ್ ವೇಗವನ್ನು. ಆ ಹೊತ್ತಿಗೆ ಕ್ಲಚ್ ಒತ್ತಿರುತ್ತೀರಿ, ಎಂಜಿನ್‌ಗೂ ಗೇರ್‌ಬಾಕ್ಸಿಗೂ ಸಂಬಂಧ ಕಡಿದಿರುತ್ತದೆ. ಒಳಗಿನ ಶಾಫ್ಟ್ ವೇಗ ಸರಿ ಮಾಡುವುದು ಸಿಂಕ್ರೋ ಒಂದೇ. ಕ್ಲಚ್ ಬಿಟ್ಟಾಗ ಗಾಡಿ ಜಗ್ಗುವುದಿಲ್ಲ, ಲಾಭ ಅಷ್ಟು. ಸಿಂಕ್ರೋ ಉಳಿಸಬೇಕು ಅಂದರೆ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಕೊಟ್ಟು, ಮತ್ತೆ ಒತ್ತಿ ಹಾಕಬೇಕು. ಹಳೆಯ ಲಾರಿ ಡ್ರೈವರ್‌ಗಳು ಮಾಡುತ್ತಿದ್ದರಲ್ಲ, ಅದು.

ಎಲ್‌ಎಸ್‌ಡಿ ಅಡಿಟಿವ್ ಬಗ್ಗೆ ಹೇಳುವುದು ಮರೆತಿದ್ದೆ. ಅದು ಕ್ಲಚ್ ಪ್ಲೇಟ್ ಇರುವ ಎಲ್‌ಎಸ್‌ಡಿಗೆ. ಅಂಥದ್ದರಲ್ಲಿ ಬಿಗಿ ತಿರುವಿನಲ್ಲಿ ಪ್ಲೇಟ್ ಹಿಡಿದು ಬಿಟ್ಟು ಕಟಕಟ ಅನ್ನುತ್ತದೆ, ಅದಕ್ಕೆ ಜಾರಿಕೆ ಸೇರಿಸುತ್ತಾರೆ. ನಿಮ್ಮದರಲ್ಲಿ ಸಿಲಿಕೋನ್ ದ್ರವ ತುಂಬಿ ಸೀಲ್ ಮಾಡಿದ ಡಬ್ಬ ಇರುತ್ತದೆ. ಹೊರಗಿನ ಆಯಿಲ್ ಅದರೊಳಕ್ಕೆ ಹೋಗುವುದೇ ಇಲ್ಲ. ಅಡಿಟಿವ್ ದುಡ್ಡಿಗೆ ಬೇಲೂರಲ್ಲಿ ಊಟ ಮಾಡಿ.

ಮಾಡಿಸುವಾಗ ನೀವೇ ಪಕ್ಕದಲ್ಲಿ ನಿಲ್ಲಿ. ಸ್ವಲ್ಪ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ ಶುರು ಮಾಡಿ. ಮೊದಲು ಬಿಚ್ಚಬೇಕಾದ್ದು ಮೇಲಿನ ತುಂಬುವ ಬೋಲ್ಟ್, ಕೆಳಗಿನದಲ್ಲ. ಕೆಳಗಿನದು ಬಿಚ್ಚಿ ಆಯಿಲ್ ಎಲ್ಲ ಸುರಿದ ಮೇಲೆ ಮೇಲಿನದು ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ಕೂರುತ್ತದೆ. ನಾಲ್ಕೂ ಕಡೆ ಸಮ ಎತ್ತಿರಬೇಕು. ಒಂದೇ ಕಡೆ ಜಾಕ್ ಕೊಟ್ಟು ತುಂಬಿದರೆ ತೂತಿನಿಂದ ಆಯಿಲ್ ಬೇಗ ಹೊರಬರುತ್ತದೆ, ತುಂಬಿತು ಅಂತ ಮುಚ್ಚುತ್ತಾರೆ. ಹಳೆಯ ಆಯಿಲ್ ಬೇರೆ ಬೇರೆ ಡಬ್ಬಿಗೆ ಇಳಿಸಿ ಅಳತೆ ಮಾಡಿ. ಬೋಲ್ಟ್‌ನ ಅಯಸ್ಕಾಂತ ಒರೆಸುವ ಮೊದಲು ಫೋಟೋ ತೆಗೆಯಿರಿ.

ರೆಡ್ ಲೈನ್ ಬಾಟಲಿ ಒಂದು ಲೀಟರ್ ಅಲ್ಲ, 946 ಮಿಲಿ. ಮೂರು ಸೇರಿದರೂ 2.84 ಲೀಟರ್. ನಾಲ್ಕು ತರಿಸಿ.

ಮೂಡಿಗೆರೆ ಜೀಪು:

140 ಮಾತು ವಾಪಸ್ ತಗೊಂಡೆ. ಇದನ್ನೆಲ್ಲ ಓದಿ ನಮ್ಮ ಜೀಪಿನ ಕ್ರೌನ್ ಆಯಿಲ್ ಬಿಚ್ಚಿಸಿದೆ. ಹಾಲು ಹಾಕಿದ ಕಾಫಿ ಬಣ್ಣ! ಮಳೆಗಾಲದಲ್ಲಿ ಹಳ್ಳ ದಾಟಿಸಿದ್ದು ನೆನಪಾಯಿತು.

ಹಾಸನ ಸ್ಪ್ಯಾನರ್:

ನೀರು ಸೇರಿದೆ ಅಣ್ಣ. ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಅನ್ನುವ ಗಾಳಿ ತೂತಿನಿಂದಲೋ ಸೀಲಿನಿಂದಲೋ ನೀರು ಎಳೆದುಕೊಳ್ಳುತ್ತದೆ. ಬ್ರೀದರ್‌ಗೆ ಉದ್ದದ ಪೈಪ್ ಹಾಕಿ ಎತ್ತರಕ್ಕೆ ಕಟ್ಟಿ. ಹೊಸ ಆಯಿಲ್ ಹಾಕಿ ಸ್ವಲ್ಪ ದಿನಕ್ಕೆ ಇನ್ನೊಮ್ಮೆ ಬದಲಿಸಿ, ಒಂದೇ ಸಲಕ್ಕೆ ನೀರು ಪೂರ್ತಿ ಹೋಗುವುದಿಲ್ಲ.

ಆಲ್ದೂರು ಅರೇಬಿಕಾ:

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಆಯಿಲ್ ಬರುವುದಕ್ಕೇ ಒಂಬತ್ತು ದಿನ ಆಯಿತು. ಬೇರೆ ಗ್ಯಾರೇಜಿನಲ್ಲಿ, ಲಿಫ್ಟ್ ಮೇಲೆ, ನಾನೇ ನಿಂತು ಮಾಡಿಸಿದೆ.

ಗೇರ್‌ಬಾಕ್ಸಿನಿಂದ 2.2 ಲೀಟರ್ ಬಂತು. ಡಿಫರೆನ್ಷಿಯಲ್‌ನಿಂದ ಬರೀ 700 ಮಿಲಿ! ಅರ್ಧ ಆಯಿಲ್‌ನಲ್ಲಿ ಎರಡು ತಿಂಗಳು ಓಡಿಸಿದ್ದೇನೆ. ಬಿಲ್ ಕೇಳಿದ್ದಕ್ಕೆ ಸ್ಪ್ಯಾನರ್ ಅವರಿಗೆ ದೊಡ್ಡ ನಮಸ್ಕಾರ. ಆ ಬಿಲ್ ನಾನು ಹತ್ತು ಸಲ ನೋಡಿದ್ದೆ, ದುಡ್ಡಿನ ಸಾಲು ಮಾತ್ರ ಓದಿದ್ದೆ.

ಹಿಂದಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ಪೇಸ್ಟ್ ಇತ್ತು. ಬೆರಳಲ್ಲಿ ಉಜ್ಜಿದರೆ ನುಣುಪು, ಚೂರು ಏನೂ ಸಿಗಲಿಲ್ಲ. ಗೇರ್‌ಬಾಕ್ಸಿನ ಹಳೆಯ ಆಯಿಲ್ ಬಿಸಿಲಿಗೆ ಹಿಡಿದರೆ ಸಣ್ಣಗೆ ಚಿನ್ನದ ಬಣ್ಣದ ಮಿಣುಕು ಕಾಣುತ್ತದೆ.

ಮೊದಲ ದಿನ ಎರಡನೇ ಗೇರ್‌ನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ, ಬೇಜಾರಾಯಿತು. ಸುಮಾರು 200 ಕಿಲೋಮೀಟರ್ ಆದ ಮೇಲೆ ಕರ್ ನಿಂತಿತು. ಈಗ ಬೆಳಗ್ಗೆ ಮೊದಲ ಎರಡು ಸಲ ಸ್ವಲ್ಪ ಬಿಗಿ, ಅಷ್ಟೆ. ನಿನ್ನೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಹತ್ತಿ ಬಂದೆ. ಹಿಂದಿನ ಸದ್ದು ಬಹಳ ಕಡಿಮೆ. ಆದರೆ 80ರಲ್ಲಿ ಕಾಲು ಎತ್ತಿದರೆ ಸಣ್ಣಗೆ ಈಗಲೂ ಇದೆ. ಅಪ್ಪನಿಗೆ ಕೇಳಿಸುವುದಿಲ್ಲ, ನನಗೆ ಕೇಳಿಸುತ್ತದೆ.

ಹಾಸನ ಸ್ಪ್ಯಾನರ್:

ಆ ಮಿಣುಕು ಸಿಂಕ್ರೋ ರಿಂಗ್‌ನದು. ಸಣ್ಣಗೆ ಇದ್ದರೆ ಸಹಜ, ಚಕ್ಕೆ ಚಕ್ಕೆಯಾಗಿ ಇದ್ದರೆ ಚಿಂತೆ. ನಿಮ್ಮದು ಮೊದಲಿನದು.

ಹಿಂದಿನ ಸದ್ದಿಗೆ ಸುಳ್ಳು ಭರವಸೆ ಕೊಡುವುದಿಲ್ಲ. ಕಾಲು ಎತ್ತಿದಾಗ ಹಲ್ಲಿನ ಇನ್ನೊಂದು ಮುಖಕ್ಕೆ ಭಾರ ಬೀಳುತ್ತದೆ. ಆಯಿಲ್ ಕಡಿಮೆ ಇದ್ದಾಗ ಅಲ್ಲಿ ಸ್ವಲ್ಪ ಸವೆದಿರಬಹುದು, ಪಿನಿಯನ್ ಬೇರಿಂಗ್ ಕೂಡ ಇರಬಹುದು. ಸವೆದದ್ದನ್ನು ಆಯಿಲ್ ತುಂಬಿಕೊಡುವುದಿಲ್ಲ. ಈಗಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. 1,000 ಕಿಲೋಮೀಟರ್ ಆದ ಮೇಲೆ ಅದೇ ರಸ್ತೆ, ಅದೇ ಸ್ಪೀಡ್‌ನಲ್ಲಿ ಮತ್ತೆ ಕೇಳಿ. ಹೆಚ್ಚಾಗಿದ್ದರೆ ಬಿಚ್ಚಿಸಿ. ಅಷ್ಟೇ ಇದ್ದರೆ ಬಿಡಿ.

ಆಲ್ದೂರು ಅರೇಬಿಕಾ:

ಹಾಗೇ ಮಾಡುತ್ತೇನೆ ಸರ್. ನಾಲ್ಕನೇ ಬಾಟಲಿಯಲ್ಲಿ ಸ್ವಲ್ಪವೇ ಖರ್ಚಾಯಿತು, ಮುಕ್ಕಾಲಿಗೂ ಜಾಸ್ತಿ ಉಳಿದಿದೆ. ಹಾಸನ, ಬೇಲೂರು ಕಡೆ ಯಾರಿಗಾದರೂ ಜಿಎಲ್-4 75ಡಬ್ಲ್ಯೂ-85 ಟಾಪ್ ಅಪ್‌ಗೆ ಬೇಕಿದ್ದರೆ ಮೆಸೇಜ್ ಮಾಡಿ, ಶನಿವಾರ ಸಂತೆಗೆ ಬರುವಾಗ ತರುತ್ತೇನೆ.

ಮೂಡಿಗೆರೆ ಜೀಪು:

ಜೀಪಿನ ಕ್ರೌನ್‌ಗೆ ಆಗುತ್ತದಾ?

ಹಾಸನ ಸ್ಪ್ಯಾನರ್:

ಮಾರಾಯ್ರೆ, ಮೇಲಿಂದ ಇನ್ನೊಂದು ಸಲ ಓದಿ.