ಹಿಮದ ನಾಲ್ಕು ತಿಂಗಳು, ಅಪ್ಪನ ಕೈಗೊಂದು ಮರದ ಕೆಲಸ: ಅನುಭವ ಇದ್ದವರು ಹೇಳುತ್ತೀರಾ?

ಕೇಳಿದವರು, ಮಿನಿಯಾಪೊಲಿಸ್‌ನಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ಅಮ್ಮ ನವೆಂಬರ್ ಕೊನೆಗೆ ಸಾಗರದಿಂದ ಇಲ್ಲಿಗೆ ಬಂದಿದ್ದಾರೆ. ಏಪ್ರಿಲ್‌ವರೆಗೆ ಇರುತ್ತಾರೆ. ಅಮ್ಮನಿಗೆ ಮೊಮ್ಮಗಳ ಜೊತೆ ಹೊತ್ತು ಹೋಗುತ್ತದೆ. ಕಷ್ಟ ಅಪ್ಪನದು. ಊರಲ್ಲಿ ಬೆಳಿಗ್ಗೆ ಎದ್ದರೆ ಕೊಟ್ಟಿಗೆ ಬಾಗಿಲೋ ತೋಟದ ದಣಪೆಯೋ ಏನಾದರೂ ರಿಪೇರಿ ಮಾಡುತ್ತಿದ್ದವರು. ಇಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲು, ಹೊರಗೆ ಮೈನಸ್ ಹದಿನೈದು. ಸುಮ್ನೆ ಕಿಟಕಿ ಹತ್ತಿರ ಕೂತಿರುತ್ತಾರೆ. ಮೊನ್ನೆ "ಒಂದು ಉಳಿ, ಒಂದು ಗರಗಸ ಇದ್ದಿದ್ದರೆ ಪುಟ್ಟಿಗೆ ಮೇಜಾದರೂ ಮಾಡುತ್ತಿದ್ದೆ" ಅಂದರು. ಅವತ್ತಿಂದ ಅದೇ ನನ್ನ ತಲೆಯಲ್ಲಿದೆ.

ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ಗ್ಯಾರೇಜ್ ಇಲ್ಲ, ಬಾಲ್ಕನಿ ತುಂಬ ಹಿಮ, ಕೆಳಗೆ ಬೇರೆಯವರಿದ್ದಾರೆ. ಮಗಳಿಗೆ ಎರಡೂವರೆ ವರ್ಷ. ನೂರು ಡಾಲರ್ ಒಳಗೆ ಏನಾದರೂ ಮಾಡಬಹುದಾ? ಹೀಗೆ ಮಾಡಿ ನೋಡಿದವರು ಯಾರಾದರೂ ಇದ್ದೀರಾ?

ಮಿನಿಯಾಪೊಲಿಸ್‌ನಲ್ಲೇ ಇರುವವರು

ಖಂಡಿತ ಆಗುತ್ತದೆ. ನಮ್ಮ ಮಾವನವರು ಎರಡು ಚಳಿಗಾಲ ನಮ್ಮ ಅಪಾರ್ಟ್‌ಮೆಂಟಿನ ಊಟದ ಜಾಗದಲ್ಲೇ ಕೂತು ಎರಡು ಕುರ್ಚಿ, ಒಂದು ಪುಸ್ತಕದ ಗೂಡು, ದೇವರ ಮಂಟಪಕ್ಕೆ ಒಂದು ಪೀಠ ಮಾಡಿದ್ದಾರೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಮೊದಲ ವರ್ಷ ನಾವು ತಪ್ಪು ಮಾಡಿಯೇ ಕಲಿತದ್ದು.

ಹೊಸ ಹಲಗೆ ತಂದು ಶುರು ಮಾಡಬೇಡಿ. ಹಳೆಯ ಸಾಮಾನು ತನ್ನಿ. ದುಡ್ಡು ಉಳಿಯುತ್ತದೆ ಅನ್ನುವುದು ಆಮೇಲಿನ ಮಾತು, ಮುಖ್ಯ ಕಾರಣ ಇಲ್ಲಿನ ಗಾಳಿ. ಹೀಟರ್ ಹಗಲೂ ರಾತ್ರಿ ಓಡುವ ಮನೆಯಲ್ಲಿ ಜನವರಿಯಲ್ಲಿ ಗಾಳಿಯ ತೇವ ಶೇಕಡ 20–25ಕ್ಕೆ ಇಳಿಯುತ್ತದೆ. ಅಂಥ ಗಾಳಿಯಲ್ಲಿ ಮರದೊಳಗಿನ ತೇವ ಬರೀ ಶೇಕಡ 5ರ ಹತ್ತಿರ ಬಂದು ನಿಲ್ಲುತ್ತದೆ. ಅಂಗಡಿಯಲ್ಲಿ ಸಿಗುವ 'ಟೂ ಬೈ ಫೋರ್' ಪೈನ್ ತುಂಡಿನ ಮೇಲೆ 'ಕೆಡಿ' ಅಥವಾ 'ಎಸ್-ಡ್ರೈ' ಅಂತ ಮುದ್ರೆ ಇರುತ್ತದೆ. ಒಣಗಿಸಿದ್ದೇ ಹೌದು, ಆದರೆ ಶೇಕಡ 19ರವರೆಗೂ ತೇವ ಇರಬಹುದು. ಅದನ್ನು ಮನೆಗೆ ತಂದು ಮೇಜು ಮಾಡಿದರೆ ಮೇಜಾಗಿ ನಿಂತ ಮೇಲೆ ಒಣಗುತ್ತದೆ. ನಮ್ಮ ಮೊದಲ ಬೆಂಚು ಹಾಗೇ ಆಯಿತು. ಡಿಸೆಂಬರ್‌ನಲ್ಲಿ ನಾಲ್ಕು ಕಾಲೂ ನೆಲಕ್ಕೆ ತಾಗುತ್ತಿದ್ದವು, ಫೆಬ್ರವರಿಯಲ್ಲಿ ಮೂರೇ. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಹಸಿ ಮರ, ನನ್ನ ಕೈ ತಪ್ಪಲ್ಲ" ಅಂದರು. ಅವರು ಹೇಳಿದ್ದೇ ಸರಿ.

ಐವತ್ತು ವರ್ಷದ ಓಕ್ ಮೇಜಾದರೆ ಐವತ್ತು ಚಳಿಗಾಲ ಇದೇ ಒಣ ಗಾಳಿಯಲ್ಲಿ ಕಳೆದಿರುತ್ತದೆ. ಸೊಟ್ಟ ಆಗುವುದಿದ್ದರೆ ಆಗಿ ಮುಗಿದಿರುತ್ತದೆ. ಅದನ್ನೇ ಬಿಚ್ಚಿ, ಕತ್ತರಿಸಿ, ಬೇರೆ ರೂಪ ಕೊಡಿ.

ಎಲ್ಲಿ ಸಿಗುತ್ತದೆ ಅಂದರೆ, 'ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ'ಯವರ ರೀಸ್ಟೋರ್ ಅಂಗಡಿಗಳಿವೆ. ಮಿನ್ನೆಸೋಟ ವಿಶ್ವವಿದ್ಯಾಲಯಕ್ಕೆ 'ರೀಯೂಸ್' ಅಂತ ಒಂದು ಗೋದಾಮಿದೆ, ಅವರ ಹಳೆ ಮೇಜು ಕುರ್ಚಿಗಳನ್ನು ಹೊರಗಿನವರಿಗೂ ಮಾರುತ್ತಾರೆ. ಅಪ್ಪನನ್ನೂ ಕರೆದುಕೊಂಡು ಹೋಗಿ. ಆರಿಸುವುದರಲ್ಲೇ ಅವರಿಗೆ ಅರ್ಧ ಖುಷಿ. ಡ್ರಾ ಎಳೆದು ಮೂಲೆ ನೋಡಿ. ಪಾರಿವಾಳದ ಬಾಲದ ಹಾಗೆ ಅಗಲವಾದ ಹಲ್ಲುಗಳು ಒಂದರೊಳಗೊಂದು ಕೂತಿದ್ದರೆ ಕೆಲಸ ಗೊತ್ತಿದ್ದವರು ಮಾಡಿದ್ದು. ಮೂಲೆಗೆ ಬರೀ ಪಿನ್ ಹೊಡೆದಿದ್ದರೆ ಬಿಡಿ. ಹಲಗೆಯ ಅಂಚು ನೋಡಿ, ಹೊಟ್ಟು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಆಗಿದ್ದರೂ ಬಿಡಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಮನೆಯಲ್ಲಿ ಮಗು ಇದೆ, ಆದ್ದರಿಂದ ಪೇಂಟ್ ಹೊಡೆದ ಹಳೆ ಸಾಮಾನು ತರಲೇಬೇಡಿ. ಮನೆಗಳಲ್ಲಿ ಸೀಸದ ಪೇಂಟ್ ಬಳಸುವುದನ್ನು ಅಮೆರಿಕದಲ್ಲಿ ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಹಿಂದಿನ ಪೇಂಟನ್ನು ಮುಚ್ಚಿದ ಮನೆಯಲ್ಲಿ ಉಜ್ಜಿದರೆ ಆ ಪುಡಿ ಕಾರ್ಪೆಟ್ಟಿಗೆ ಇಳಿಯುತ್ತದೆ, ಕಾರ್ಪೆಟ್ಟಿನಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಮರದ ಬಣ್ಣ ಕಾಣುವ ಸಾಮಾನನ್ನೇ ಆರಿಸಿ.

ಇನ್ನು ಕೆಲಸ. ಅಲುಗಾಡುವ ಹಳೆ ಕುರ್ಚಿಯಿಂದ ಶುರು ಮಾಡಿ. ಮಾವ ಮಾಡಿದ್ದನ್ನು ನೋಡಿದ ಹಾಗೇ ಹೇಳುತ್ತೇನೆ. ಹಳೆ ಕುರ್ಚಿಗಳಿಗೆ ಸಾಮಾನ್ಯವಾಗಿ ಚರ್ಮ, ಮೂಳೆ ಬೇಯಿಸಿ ಮಾಡಿದ ಅಂಟು ಹಾಕಿರುತ್ತಾರೆ. ಅದು ಬಿಸಿನೀರಿಗೆ ಬಿಡುತ್ತದೆ. ಕಾಲು ಕೂತ ಸಂದಿಗೆ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಸುತ್ತಿದರು. ಹತ್ತು ನಿಮಿಷಕ್ಕೊಮ್ಮೆ ಬದಲಾಯಿಸಿದರು. ಆಮೇಲೆ ಕಾಲು ಹಿಡಿದು ಮೆಲ್ಲಗೆ ತಿರುವಿದರೆ ಹಲ್ಲು ಕಿತ್ತ ಹಾಗೆ ಬಂತು. ತುದಿಯಲ್ಲಿ ಒಣಗಿದ ಬೆಲ್ಲದ ಪಾಕದಂತೆ ಕಂದು ಅಂಟು. ಅದನ್ನು ಪೂರ್ತಿ ಕೆರೆದು ತೆಗೆಯಬೇಕು. ಹಳೆ ಅಂಟಿನ ಮೇಲೆ ನಮ್ಮ ಫೆವಿಕಾಲ್ ಥರದ ಬಿಳಿ ಗೋಂದು ಹಿಡಿಯುವುದಿಲ್ಲ.

ಅಂಟು ಒಣಗುವವರೆಗೆ ಬಿಗಿ ಹಿಡಿಯುವ ಕ್ಲಾಂಪ್ ಕೊಳ್ಳುವುದೇ ಬೇಕಾಗಲಿಲ್ಲ. ನಾಲ್ಕೂ ಕಾಲಿಗೆ ಹಗ್ಗ ಎರಡು ಸುತ್ತು ಸುತ್ತಿ, ನಡುವೆ ಸೌಟಿನ ಹಿಡಿ ತೂರಿಸಿ ತಿರುಚಿದರು. ಗಾಡಿಗೆ ಹುಲ್ಲು ಹೇರಿ ಬಿಗಿಯುತ್ತಾರಲ್ವಾ, ಅದೇ ರೀತಿ. ಒಂದು ದಿನ ಹಾಗೇ ಬಿಟ್ಟರು. ಆ ಕುರ್ಚಿ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ.

ಸಲಕರಣೆ: ಜಪಾನಿನ ಎಳೆಯುವ ಗರಗಸ ಒಂದು ಸಾಕು. ಅದು ತಳ್ಳುವಾಗ ಅಲ್ಲ, ಎಳೆಯುವಾಗ ಕತ್ತರಿಸುತ್ತದೆ. ಅಲಗು ತೆಳು, ಸದ್ದು ಕಮ್ಮಿ. ಅಪ್ಪನಿಗೆ ಅಭ್ಯಾಸ ಆಗಲು ಒಂದು ದಿನ ಬೇಕು, ಆಮೇಲೆ ಬಿಡುವುದಿಲ್ಲ. ಉಳಿ, ಹತ್ತರಿ ಎಲ್ಲ ಕೊಳ್ಳುವ ಮೊದಲು ಮಿನ್ನೆಸೋಟ ಟೂಲ್ ಲೈಬ್ರರಿ ನೋಡಿ. ಸದಸ್ಯತ್ವ ಪಡೆದರೆ ಪುಸ್ತಕದ ಹಾಗೆ ಎರವಲು ತರಬಹುದು. ಹೆನೆಪಿನ್ ಕೌಂಟಿಯವರು 'ಫಿಕ್ಸ್-ಇಟ್ ಕ್ಲಿನಿಕ್' ನಡೆಸುತ್ತಾರೆ, ಮನೆಸಾಮಾನು ರಿಪೇರಿಗೆ ಸ್ವಯಂಸೇವಕರು ಕೂತಿರುತ್ತಾರೆ. ಮಾವನವರಿಗೆ ಇಂಗ್ಲಿಷ್ ಅಷ್ಟು ಬರುತ್ತಿರಲಿಲ್ಲ. ಆದರೂ ಅಲ್ಲಿ ಒಬ್ಬ ಹಿರಿಯರ ಜೊತೆ ಒಂದು ಗಂಟೆ ಕೂತು ಲಾಂದ್ರದ ಹಿಡಿ ಸರಿಮಾಡಿದರು. ಬರುವಾಗ ಅವರ ಮುಖದಲ್ಲಿದ್ದ ಕಳೆ ಇನ್ನೂ ಕಣ್ಣ ಮುಂದಿದೆ.

ಉಪ್ಪು ಕಾಗದ ಕಮ್ಮಿ ಬಳಸಿ. ಈ ಚಳಿಯಲ್ಲಿ ಕಿಟಕಿಯನ್ನು ತುಂಬ ಹೊತ್ತು ತೆಗೆದಿಡುವಂತಿಲ್ಲ, ದೂಳು ಒಳಗೇ ಸುತ್ತುತ್ತದೆ. ಹೀರೆಕಾಯಿ ಸಿಪ್ಪೆ ಹೆರೆದಂತೆ ಮರ ಹೆರೆಯುವ ತೆಳು ಉಕ್ಕಿನ ತಗಡು ಸಿಗುತ್ತದೆ, 'ಕಾರ್ಡ್ ಸ್ಕ್ರೇಪರ್' ಅಂತ ಕೇಳಿ. ದೂಳಿನ ಬದಲು ಸುರುಳಿ ಬರುತ್ತದೆ, ಗುಡಿಸಿ ಹಾಕಬಹುದು. ನೆಲಕ್ಕೆ ಎರಡು ಹಳೆ ಕಂಬಳಿ ಮಡಚಿ ಹಾಸಿದರೆ ಕೆಳಗಿನವರಿಗೆ ತೊಂದರೆ ಇಲ್ಲ. ಶುರು ಮಾಡುವ ಮುಂಚೆ ಅವರಿಗೆ ಒಂದು ಡಬ್ಬ ಚಕ್ಕುಲಿ ಕೊಟ್ಟು ವಿಷಯ ಹೇಳಿ ಬನ್ನಿ. ನಾವು ಹಾಗೇ ಮಾಡಿದ್ದು.

ಪಾಲಿಶ್‌ಗೆ ನಮ್ಮ ಊರಿನ ಸ್ಪಿರಿಟ್ ಪಾಲಿಶ್ಶೇ ವಾಸಿ. ಇಲ್ಲಿ 'ಶೆಲಾಕ್' ಅಂತ ಡಬ್ಬದಲ್ಲಿ ಸಿಗುತ್ತದೆ. ಅದೂ ಅರಗೇ, ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅದೇ ಅರಗು. ಒಂದು ಗಂಟೆಯೊಳಗೆ ಒಣಗುತ್ತದೆ, ವಾಸನೆ ಬೇಗ ಹೋಗುತ್ತದೆ. ಆದರೆ ಅದರಲ್ಲಿ ಸ್ಪಿರಿಟ್ ಇದೆ. ಹಚ್ಚುವಾಗ ಒಲೆ ಆರಿಸಿ, ಒಂದು ಕಿಟಕಿ ಹತ್ತು ನಿಮಿಷ ತೆಗೆಯಿರಿ, ಮಗುವನ್ನು ಬೇರೆ ಕೋಣೆಯಲ್ಲಿರಿಸಿ. ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಏಳುತ್ತದೆ, ಅದೊಂದು ಕೊರತೆ. ಊಟದ ಮೇಜಿಗಾದರೆ 'ವಾಟರ್ ಬೇಸ್ಡ್' ವಾರ್ನಿಶ್ ವಾಸಿ.

ಅಗಸೆ ಎಣ್ಣೆ ಹಚ್ಚುವ ಮನಸ್ಸಿದ್ದರೆ ಒರೆಸಿದ ಬಟ್ಟೆಯ ಬಗ್ಗೆ ಜೋಪಾನ. ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದರೆ ಎಣ್ಣೆ ಒಣಗುವಾಗ ಹುಟ್ಟುವ ಶಾಖಕ್ಕೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬೆಂಕಿ ಕಡ್ಡಿಯೇ ಬೇಡ. ನೀರಲ್ಲಿ ಮುಳುಗಿಸಿ, ಮುಚ್ಚಳ ಇರುವ ತಗಡಿನ ಡಬ್ಬದಲ್ಲಿಡಿ.

ಟೊರಾಂಟೊದಿಂದ

ಅಕ್ಕಾ, ಮೇಲೆ ಹೇಳಿದ್ದೆಲ್ಲ ಸರಿ. ರಸ್ತೆ ಬದಿಗೆ ಇಟ್ಟ ಸಾಮಾನಿನ ಬಗ್ಗೆ ನಾನು ಒಂದು ಮಾತು ಸೇರಿಸುತ್ತೇನೆ. ಇಲ್ಲಿ ಜನ ಮನೆ ಖಾಲಿ ಮಾಡುವಾಗ ಒಳ್ಳೊಳ್ಳೆ ಸಾಮಾನು ಹೊರಗಿಡುತ್ತಾರೆ. ಪುಕ್ಕಟೆ ಅಂತ ಆಸೆ ಆಗುತ್ತದೆ. ನಾವು ಒಂದು ಜನವರಿಯಲ್ಲಿ ಹಿಮದಲ್ಲಿ ಅರ್ಧ ಹೂತಿದ್ದ ಡ್ರಾ ಪೆಟ್ಟಿಗೆ ಹೊತ್ತು ತಂದೆವು. ಹಿಮ ಕರಗಿದ ಮೇಲೆ ನೋಡಿದರೆ ಕೆಳಗಿನ ಹಲಗೆ ನೆನೆದ ಅವಲಕ್ಕಿ ಹಾಗೆ ಉಬ್ಬಿತ್ತು. ಅದು ಹೋಗಲಿ. ಮೂರು ವಾರಕ್ಕೆ ತಿಗಣೆ.

"ಇಷ್ಟು ಚಳಿಯಲ್ಲಿ ತಿಗಣೆ ಬದುಕುತ್ತಾ?" ಅಂತ ನಾವೂ ಅಂದುಕೊಂಡಿದ್ದೆವು. ಬದುಕುತ್ತದೆ. ಅದು ಸಾಯಬೇಕಾದರೆ ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಸತತ ಇರಬೇಕು, ಮರದ ಒಳಗಿನ ಸಂದಿಯೂ ಅಷ್ಟು ತಣ್ಣಗಾಗಿರಬೇಕು. ಹೊರಗಿನ ಚಳಿ ಹಾಗೆ ಸತತ ಇರುವುದಿಲ್ಲ, ಮಧ್ಯಾಹ್ನ ಬಿಸಿಲು ಬಿದ್ದರೆ ಏರುತ್ತದೆ. ಬಾಲ್ಕನಿಯಲ್ಲಿ ಎರಡು ದಿನ ಇಟ್ಟು ನಂಬಬೇಡಿ. ಹಾಸಿಗೆ, ಸೋಫಾ, ಬಟ್ಟೆ ಹೊದಿಸಿದ ಕುರ್ಚಿ ರಸ್ತೆಯಿಂದ ತರಲೇಬೇಡಿ. ಬರೀ ಮರದ್ದಾದರೆ ಟಾರ್ಚ್ ಹಿಡಿದು ಸ್ಕ್ರೂ ತೂತು, ಡ್ರಾ ಓಡುವ ಪಟ್ಟಿಯ ಸಂದಿ ನೋಡಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿ ಕಂಡರೆ ಅಲ್ಲೇ ಬಿಟ್ಟು ಬನ್ನಿ.

ಪ್ಯಾಲೆಟ್, ಅಂದರೆ ಸರಕು ಹೇರುವ ಮರದ ಹಲಗೆ ಚೌಕಟ್ಟು, ಸಿಕ್ಕಿದರೆ ಅದರ ಮುದ್ರೆ ಓದಿ. 'ಎಚ್‌ಟಿ' ಅಂದರೆ 56 ಡಿಗ್ರಿಗೆ 30 ನಿಮಿಷ ಕಾಯಿಸಿದ್ದು, ಬಳಸಬಹುದು. 'ಎಂಬಿ' ಅಂದರೆ ಮಿಥೈಲ್ ಬ್ರೋಮೈಡ್ ವಿಷಾನಿಲ ಕೊಟ್ಟದ್ದು, ಮುಟ್ಟಬೇಡಿ. ಏನೋ ಚೆಲ್ಲಿದ ಕಲೆ ಇದ್ದರೂ ಬೇಡ, ಏನು ಹೇರಿದ್ದರೋ ಯಾರಿಗೆ ಗೊತ್ತು.

ಹೆಲ್ಸಿಂಕಿಯಿಂದ

ನಿಮ್ಮ ಪ್ರಶ್ನೆ ಅಮೆರಿಕದ್ದು, ಆದರೂ ಈ ಕಡೆ ಓದುವವರಿಗೆ ಇರಲಿ ಅಂತ. ಇಲ್ಲಿ ಡಿಸೆಂಬರ್‌ನಲ್ಲಿ ಮೂರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಹಳೆ ಸಾಮಾನಿಗೆ 'ಕಿಯೆರ‍್ರಾಟುಸ್‌ಕೆಸ್ಕುಸ್' ಅನ್ನುವ ಮರುಬಳಕೆ ಅಂಗಡಿಗಳಿವೆ. ನಗರದ 'ಟ್ಯೋವಾಯೆನ್‌ಓಪಿಸ್ತೋ', ಅಂದರೆ ದೊಡ್ಡವರ ಸಂಜೆಶಾಲೆ, ಮರಗೆಲಸದ ತರಗತಿ ನಡೆಸುತ್ತದೆ. ನಾನು ಒಂದು ಚಳಿಗಾಲ ಹೋಗಿದ್ದೆ. ಬರ್ಚ್ ಮರದ ಮೂರು ಕಾಲಿನ ಸ್ಟೂಲ್ ಮಾಡಿದೆ. ನೆಲ ಹೇಗೇ ಇರಲಿ, ಮೂರು ಕಾಲಿನದು ಕುಣಿಯುವುದಿಲ್ಲ, ಹೊಸಬರಿಗೆ ಅದೇ ಒಳ್ಳೆಯದು. ವಾರಕ್ಕೊಂದು ಸಂಜೆ ಹೋಗಲು ಒಂದು ಜಾಗ ಇತ್ತಲ್ಲ, ಆ ಕತ್ತಲಲ್ಲಿ ಅದು ದೊಡ್ಡ ಆಸರೆ.

ಕೇಳಿದವರು, ಎರಡು ವಾರದ ನಂತರ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಅಪ್ಪನ ಜೊತೆ ಹೋಗಿ 18 ಡಾಲರಿಗೆ ಒಂದು ಓಕ್ ಟೀಪಾಯಿ, 7 ಡಾಲರಿಗೆ ಒಂದು ಹಳೆ ಕುರ್ಚಿ ತಂದೆವು. ಟೂಲ್ ಲೈಬ್ರರಿಯಿಂದ ಉಳಿ, ಕ್ಲಾಂಪ್ ಬಂದವು. ಗರಗಸ ಮಾತ್ರ ಹೊಸದು.

ಟೀಪಾಯಿ ಎತ್ತರ ಇತ್ತು, 18 ಇಂಚಿಗೆ ಇಳಿಸಬೇಕಿತ್ತು. ನಾನು ಟೇಪ್ ಹಿಡಿದು ನಾಲ್ಕು ಕಾಲಿಗೂ ಗುರುತು ಹಾಕಲು ಹೋದೆ. ಅಪ್ಪ ಬೇಡ ಅಂದರು. ಊಟದ ಮೇಜಿನ ಮೇಲೆ ಟೀಪಾಯಿ ಇಟ್ಟರು. ಒಂದು ಕಾಲಿನ ಕೆಳಗೆ ರಟ್ಟಿನ ಚೂರು ತುರುಕಿ, ಮೇಲೆ ನೀರಿನ ಬಟ್ಟಲಿಟ್ಟು ಸಮ ಮಾಡಿದರು. ಆಮೇಲೆ ಎರಡು ಬೆಂಕಿಪೆಟ್ಟಿಗೆ ಒಂದರ ಮೇಲೊಂದು ಇಟ್ಟು, ಅದರ ಮೇಲೆ ಪೆನ್ಸಿಲ್ ಮಲಗಿಸಿ ಹಿಡಿದು, ಅದನ್ನು ಹಾಗೇ ಜಾರಿಸುತ್ತಾ ಪ್ರತಿ ಕಾಲಿನ ಸುತ್ತ ಗೆರೆ ಎಳೆದರು. ನಾಲ್ಕು ಕಾಲಲ್ಲೂ ಗೆರೆ ಒಂದೇ ಮಟ್ಟ. ಕತ್ತರಿಸಿ ನೆಲಕ್ಕಿಟ್ಟರೆ ಒಂದು ಚೂರೂ ಅಲುಗಲಿಲ್ಲ. ಪುಟ್ಟಿ ಈಗ ತುಂಡಾದ ನಾಲ್ಕು ಕಾಲಿನ ಚೂರುಗಳನ್ನು ದನ ಅಂತ ಸಾಲಾಗಿ ಕಟ್ಟಿಹಾಕುತ್ತಾಳೆ.

ಒಂದು ಪ್ರಶ್ನೆ ಉಳಿದಿದೆ. ಅಮ್ಮ ಊರಿಂದ ತಂದಿದ್ದ ಹಲಸಿನ ಮಣೆ ಮೊನ್ನೆ ರಾತ್ರಿ ಟಪ್ ಅಂತ ಸದ್ದು ಮಾಡಿ ಉದ್ದಕ್ಕೂ ಸೀಳಿತು. ಅಮ್ಮನಿಗೆ ಅಪಶಕುನ ಅಂತ ಬೇಜಾರು. ಗೋಂದು ಹಾಕಿ ಸೇರಿಸಬಹುದಾ? ಮತ್ತೆ ಅಪ್ಪ ಈಗ ಓಕ್ ಚೂರುಗಳಲ್ಲಿ ಊರಿಗೆ ಒಯ್ಯಲು ಮುಚ್ಚಳದ ಪೆಟ್ಟಿಗೆ ಮಾಡುತ್ತೇನೆ ಅನ್ನುತ್ತಿದ್ದಾರೆ.

ಮಿನಿಯಾಪೊಲಿಸ್‌ನಲ್ಲೇ ಇರುವವರು

ಅಮ್ಮನಿಗೆ ಹೇಳಿ, ಅಪಶಕುನ ಖಂಡಿತ ಅಲ್ಲ. ಮಲೆನಾಡಿನ ಗಾಳಿಯಲ್ಲಿ ಬೆಳೆದ ಮರ ಈ ಒಣ ಗಾಳಿಗೆ ಬಂದು ಕುಗ್ಗಿದೆ, ಅಷ್ಟೇ. ಮರ ಉದ್ದಕ್ಕೆ ಕುಗ್ಗುವುದಿಲ್ಲ, ಅಗಲಕ್ಕೆ ಕುಗ್ಗುತ್ತದೆ. ಒಂದಡಿ ಅಗಲದ ಹಲಗೆ 4–5 ಮಿಲಿಮೀಟರ್ ಕುಗ್ಗಿದರೂ ಆಶ್ಚರ್ಯವಿಲ್ಲ. ಕೆಳಗೆ ಅಡ್ಡಪಟ್ಟಿಗೆ ಮೊಳೆ ಹೊಡೆದು ಬಿಗಿದಿದ್ದರೆ ಕುಗ್ಗಲು ಜಾಗ ಇಲ್ಲದೆ ಸೀಳುತ್ತದೆ. ಮಣೆಗೆ ಈಗ ಗೋಂದು ಹಾಕಬೇಡಿ. ಬಿರುಕಿನಲ್ಲಿ ಗೋಂದು, ಪುಡಿ ತುಂಬಿಸಿ ಊರಿಗೆ ಒಯ್ದರೆ ಮಳೆಗಾಲದಲ್ಲಿ ಮರ ಹಿಗ್ಗಿ ಇನ್ನೊಂದು ಕಡೆ ಒಡೆಯುತ್ತದೆ. ಹಾಗೇ ಬಿಡಿ, ಬಿರುಕು ಊರಿಗೆ ಹೋದ ಮೇಲೆ ಬಹುಪಾಲು ತಾನೇ ಕೂಡುತ್ತದೆ. ಆಮೇಲೆ ಅಡ್ಡಪಟ್ಟಿಯ ಮೊಳೆ ಕಿತ್ತು, ತೂತು ಸ್ವಲ್ಪ ಉದ್ದ ಮಾಡಿ ಸ್ಕ್ರೂ ಹಾಕಲಿ.

ಪೆಟ್ಟಿಗೆಗೂ ಇದೇ ಲೆಕ್ಕ, ತಿರುಗಾಮುರುಗಾ. ಇಲ್ಲಿ ಫೆಬ್ರವರಿಯಲ್ಲಿ ಮುಚ್ಚಳ ಬಿಗಿಯಾಗಿ ಕೂತರೆ ಸಾಗರದ ಜುಲೈನಲ್ಲಿ ತೆಗೆಯಲು ಬರುವುದಿಲ್ಲ. ಮುಚ್ಚಳ ಅಗಲಕ್ಕೆ ಹಿಗ್ಗಲು ಎರಡೂ ಕಡೆ ಸಂದಿ ಬಿಡಲು ಅಪ್ಪನಿಗೆ ಹೇಳಿ, ಒಂದಡಿ ಅಗಲಕ್ಕೆ ಎರಡೂ ಕಡೆ ಸೇರಿ ಕಮ್ಮಿಯೆಂದರೂ ಅದೇ 4–5 ಮಿಲಿಮೀಟರ್. ಒಂದಡಿಗಿಂತ ಅಗಲ ಇದ್ದರೆ ಸಂದಿಯೂ ಹೆಚ್ಚು. ತಳದ ಹಲಗೆಗೂ ಗೋಂದು ಹಾಕದೆ, ಪಕ್ಕದ ಹಲಗೆಗಳಲ್ಲಿ ಕೊರೆದ ಕಾಲುವೆಯಲ್ಲಿ ಸಡಿಲ ಕೂರಿಸಲಿ.

ಮಾವನವರು ಇಲ್ಲಿ ಮಾಡಿದ ಪೀಠ ಈಗ ತೀರ್ಥಹಳ್ಳಿಯಲ್ಲಿದೆ. ನಾಲ್ಕು ಮಳೆಗಾಲ ಆಯಿತು, ಇನ್ನೂ ಒಂದು ಗೆರೆ ಬಿರುಕಿಲ್ಲ. ಪೆಟ್ಟಿಗೆ ಮುಗಿದ ಮೇಲೆ ಒಂದು ಫೋಟೋ ಹಾಕಿ, ಅವರಿಗೆ ತೋರಿಸುತ್ತೇನೆ.