ಮರವೊಂದಕ್ಕೆ ಹದಿನಾರು ರೂಪಾಯಿ

(ಕುಟುಂಬದ ವಾಟ್ಸಾಪ್ ಗುಂಪು, ಭಾನುವಾರ ಬೆಳಿಗ್ಗೆ)

ಮಂಗಳೂರು ಭಾವ: [ಹಂಚಿಕೊಂಡ ಚಿತ್ರ: ಮರಳು ತುಂಬಿದ ಅಡಿಕೆ ತೋಟ. ಅಡಿಬರಹ: "ಹೊಳೆ ತನ್ನ ಜಾಗವನ್ನು ತಾನೇ ವಾಪಸು ಪಡೆದಿದೆ. ದಂಡೆ ಒತ್ತಿಕೊಂಡವರಿಗೆ ನಮ್ಮ ತೆರಿಗೆಯ ಹಣದಲ್ಲಿ ಪರಿಹಾರ ಏಕೆ?"]

ಬರೆದವರು ಯಾರೆಂದು ತಿಳಿಯದು, ಆದರೆ ಮಾತಿನಲ್ಲಿ ತೂಕವಿದೆ ಎನ್ನಿಸಿದ್ದರಿಂದ ಹಾಕಿದ್ದೇನೆ. ಅಜ್ಜನ ಕಾಲದಲ್ಲಿ ಹೊಳೆಬದಿಯ ಬೈಲಿನಲ್ಲಿ ಭತ್ತ ಮಾತ್ರ ಇತ್ತು. ನೆರೆ ಬಂದರೆ ಒಂದು ಬೆಳೆ ಹೋಗುತ್ತಿತ್ತೇ ಹೊರತು ಗದ್ದೆ ಗದ್ದೆಯಾಗಿಯೇ ಉಳಿಯುತ್ತಿತ್ತು. ಅದೇ ಬೈಲಿಗೆ ಮಣ್ಣು ತುಂಬಿಸಿ ಅಡಿಕೆ ನೆಟ್ಟು, ಆಮೇಲೆ ಹೊಳೆಯನ್ನು ದೂರುವುದು ನ್ಯಾಯವೇ?

ಚಾರ್ಮಾಡಿ ಅಣ್ಣ: ಭಾವ, ಮೊದಲಿಗೆ ಒಂದು ವಿಷಯ: ಈ ಚಿತ್ರ ಈ ವರ್ಷದ್ದಲ್ಲ, 2019ರ ಆಗಸ್ಟ್ ತಿಂಗಳಿನದು. ಮೂಲೆಯಲ್ಲಿ ಕಾಣುವ ಕಾಲುಸಂಕ ಆ ನೆರೆಯ ನಂತರ ಅಲ್ಲಿ ಉಳಿದಿಲ್ಲ. ಆ ದಿನ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ಮೃತ್ಯುಂಜಯ ಹೊಳೆಯಲ್ಲಿ ಬಂದದ್ದು ಬರಿಯ ನೀರಾಗಿರಲಿಲ್ಲ, ಘಟ್ಟದ ಮಣ್ಣು, ಬಂಡೆ ಮತ್ತು ಬುಡಸಮೇತ ಕಿತ್ತು ಬಂದ ಮರಗಳಾಗಿದ್ದವು. ಆ ಮರಗಳು ಕಿಂಡಿ ಅಣೆಕಟ್ಟಿನ (ಬೇಸಿಗೆಯಲ್ಲಿ ಹಲಗೆ ಹಾಕಿ ನೀರು ನಿಲ್ಲಿಸುವ ಸಣ್ಣ ಕಟ್ಟ) ಕಂಬಗಳ ನಡುವೆ ಅಡ್ಡ ಸಿಕ್ಕಿಕೊಂಡು, ಹಲಗೆಗಳನ್ನು ಮಳೆಗಾಲಕ್ಕೆ ಮೊದಲೇ ತೆಗೆದಿಟ್ಟಿದ್ದರೂ ಕಿಂಡಿಗಳೆಲ್ಲ ಮುಚ್ಚಿಹೋಗಿ, ಹೊಳೆ ಎರಡೂ ಬದಿಯ ದಂಡೆಯನ್ನು ಕೊರೆದು ತೋಟದೊಳಗೆ ದಾರಿ ಮಾಡಿಕೊಂಡಿತು. ನೀರು ಬೇಗನೆ ಇಳಿಯಿತು, ಹೊಯಿಗೆ (ಮರಳು) ಮಾತ್ರ ಅಲ್ಲಿಯೇ ಉಳಿಯಿತು. ಭತ್ತದ ಗದ್ದೆಯೇ ಇದ್ದಿದ್ದರೂ ಮಂಡಿಯವರೆಗೆ ಹೊಯಿಗೆ ತುಂಬಿದ ಮೇಲೆ ಅದರಲ್ಲಿ ಮರುವರ್ಷ ನಾಟಿ ಮಾಡಲು ಸಾಧ್ಯವಿರಲಿಲ್ಲ.

ಬೆಂಗಳೂರು ತಮ್ಮ: ಅಣ್ಣ, ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆಯಲ್ಲ? ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತ ಕಟ್ಟಬೇಕಾದದ್ದು ಶೇಕಡಾ 5, ಅಂದರೆ 6,400. ಎಲ್ಲರೂ ಅದನ್ನು ಮಾಡಿಸಿದರೆ ಸರ್ಕಾರದ ಪರಿಹಾರದ ಪ್ರಶ್ನೆಯೇ ಬಾರದು.

ಚಾರ್ಮಾಡಿ ಅಣ್ಣ: ಪ್ರತಿ ವರ್ಷ ಕಟ್ಟುತ್ತೇನೆ, ಬಿಡುವುದಿಲ್ಲ. ಆದರೆ ಅದರ ಲೆಕ್ಕ ನಿಂತಿರುವುದು ಪಂಚಾಯಿತಿಯ ಮಳೆಮಾಪಕದ ಮೇಲೆ. ಎಷ್ಟು ಮಿಲಿಮೀಟರ್ ಮಳೆ, ಎಷ್ಟು ದಿನ ಎಂಬುದನ್ನು ನೋಡಿ ಹಣ ಬರುತ್ತದೆ, ತೋಟದಲ್ಲಿ ಮರ ನಿಂತಿದೆಯೇ ಮಲಗಿದೆಯೇ ಎಂದು ಆ ಮಾಪಕ ನೋಡುವುದಿಲ್ಲ. ಕೊಳೆರೋಗಕ್ಕೆ ಆ ಲೆಕ್ಕ ಸರಿಹೊಂದುತ್ತದೆ, ಏಕೆಂದರೆ ಮಳೆ ಬಿಡದೆ ಹಿಡಿದರೆ ಕೊಳೆ ಬರುವುದು ಖಂಡಿತ. ನೆರೆಯ ಕಥೆ ಬೇರೆ. ಮಳೆ ಸುರಿಯುವುದು ಘಟ್ಟದಲ್ಲಿ, ಮುಳುಗುವುದು ಕೆಳಗಿನವರು. ಬಂಟ್ವಾಳದಲ್ಲಿ ಬಿಸಿಲಿರುವಾಗ ನೇತ್ರಾವತಿ ಏರಿದ್ದನ್ನು ನೀವೆಲ್ಲ ನೋಡಿದವರೇ.

ಇನ್ನು ಪರಿಹಾರದ ಮಾತು. 2022ರಲ್ಲಿ ಪರಿಷ್ಕರಿಸಿದ ಕೇಂದ್ರದ ಮಾರ್ಗಸೂಚಿಯಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಹೆಚ್ಚೆಂದರೆ 2 ಹೆಕ್ಟೇರಿಗೆ. 2019ರಲ್ಲಿ ಅದು 18,000 ಇತ್ತು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 1,370 ಅಡಿಕೆ ಮರಗಳಾಗುತ್ತವೆ. ಭಾಗಿಸಿ ನೋಡಿ, ಮರವೊಂದಕ್ಕೆ ಹದಿನಾರು ರೂಪಾಯಿ ಚಿಲ್ಲರೆ. ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ನಮ್ಮ ತೆರಿಗೆಯ ಹಣ ಎಂದು ಬರೆದವರು ಈ ಹದಿನಾರು ರೂಪಾಯಿಯನ್ನೇ ಹೇಳುತ್ತಿದ್ದಾರೆ.

ಬೆಂಗಳೂರು ತಮ್ಮ: 2025ರಲ್ಲಿ ರಾಜ್ಯ ಸರ್ಕಾರ ತನ್ನ ಕಡೆಯಿಂದ ಹೆಕ್ಟೇರಿಗೆ 8,500 ಸೇರಿಸಿ ಬಹುವಾರ್ಷಿಕ ಬೆಳೆಗೆ 31,000 ಎಂದು ಘೋಷಿಸಿತ್ತಲ್ಲ?

ಚಾರ್ಮಾಡಿ ಅಣ್ಣ: ಹಾಗೆ ಲೆಕ್ಕ ಹಾಕಿದರೂ ಮರಕ್ಕೆ ಇಪ್ಪತ್ಮೂರು ದಾಟುವುದಿಲ್ಲ. ಅದಕ್ಕಿಂತ ನನಗೆ ವಿಚಿತ್ರವಾಗಿ ಕಾಣುವುದು ಹೂಳು ತೆಗೆಯುವ ದರ. ಮೂರು ಅಂಗುಲಕ್ಕಿಂತ ಹೆಚ್ಚು ಹೂಳು ನಿಂತಿದ್ದರೆ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 18,000, ಅಂದರೆ ಎಕರೆಗೆ ಸುಮಾರು 7,300. ಒಂದು ಎಕರೆಯಲ್ಲಿ ಒಂದೇ ಅಡಿ ಹೊಯಿಗೆ ಎಂದಿಟ್ಟುಕೊಂಡರೂ 43,560 ಘನ ಅಡಿ ಆಗುತ್ತದೆ. ಮೂರು ಯೂನಿಟ್ (ಯೂನಿಟ್ಟಿಗೆ ನೂರು ಘನ ಅಡಿ) ಹಿಡಿಯುವ ಟಿಪ್ಪರಿನಲ್ಲಿ ಅದು ನೂರನಲವತ್ತೈದು ಲೋಡು. ಲೋಡಿಗೆ ಐವತ್ತು ರೂಪಾಯಿ! ಅಗೆದು, ತುಂಬಿಸಿ, ಸಾಗಿಸುವುದೆಲ್ಲ ಸೇರಿ. ಮೂರು ಅಂಗುಲಕ್ಕೂ ಮೂರು ಅಡಿಗೂ ದರ ಒಂದೇ. ಅದನ್ನು ಮಾರಿ ಖರ್ಚು ಹುಟ್ಟಿಸಿಕೊಳ್ಳೋಣವೆಂದರೆ ಹೊಯಿಗೆ ಉಪಖನಿಜ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿಯಿಲ್ಲದೆ ಗೇಟು ದಾಟಿಸಿದರೆ ನಾನೇ ಅಪರಾಧಿ. ಪಂಪು, ಸ್ಪ್ರಿಂಕ್ಲರ್ ಪೈಪು, ತೋಡಿನ ಕಲ್ಲುಕಟ್ಟ, ಇವಕ್ಕೆ ಆ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ.

ಉಡುಪಿ ಚಿಕ್ಕಮ್ಮ: ಮಾತೆಲ್ಲ ಅಡಿಕೆಯ ಸುತ್ತಲೇ ಸುತ್ತುತ್ತಿದೆ. 2020ರ ಸೆಪ್ಟೆಂಬರ್ 20ರಂದು ಸ್ವರ್ಣಾ ಹೊಳೆ ಉಕ್ಕಿದಾಗ ನಮ್ಮದು ಅಪ್ಪಟ ಬೈಲುಗದ್ದೆಯೇ ಆಗಿತ್ತು, ಅಜ್ಜನ ಕಾಲದಿಂದಲೂ ಅದರಲ್ಲಿ ಭತ್ತವಲ್ಲದೆ ಬೇರೇನನ್ನೂ ಬೆಳೆದವರಿಲ್ಲ. ಎಂಒ4 ಎಂಬ ಭತ್ತದ ತಳಿ ಹಾಕಿದ್ದೆವು, ಕಾಳು ಕಟ್ಟುವ ಹೊತ್ತು. ನೀರು ಇಳಿದ ಮೇಲೆ ಪೈರು ಕೆಸರು ಮೆತ್ತಿಕೊಂಡು ಮಲಗಿತ್ತು. ಹುಲ್ಲನ್ನು ದನ ಮೂಸಲಿಲ್ಲ. ನಾವು ಯಾವ ದಂಡೆಯನ್ನು ಒತ್ತಿಕೊಂಡಿದ್ದೆವು? ನಂತರ ಬ್ರಹ್ಮಾವರದ ಸಂಶೋಧನಾ ಕೇಂದ್ರದ ಸಹ್ಯಾದ್ರಿ ಪಂಚಮುಖಿ ತಳಿಯನ್ನು ತಂದು ಹಾಕಿದೆವು. ವಾರಕ್ಕೆ ಮೇಲ್ಪಟ್ಟು ಮುಳುಗಿದರೂ ಚೇತರಿಸಿಕೊಳ್ಳುವ ಕೆಂಪಕ್ಕಿಯ ತಳಿ ಅದು. ಆದರೆ ಅದು ಎಳೆ ಪೈರಿಗೆ ಬರುವ ನೆರೆಗೆ ಉತ್ತರವೇ ಹೊರತು ತೆನೆಯ ಹೊತ್ತಿಗೆ ಬರುವ ನೆರೆಗಲ್ಲ.

ಮಂಗಳೂರು ಭಾವ: ಚಿಕ್ಕಮ್ಮ, ನಿಮ್ಮ ಗದ್ದೆಯ ಮಾತು ಬೇರೆ, ಅದನ್ನು ನಾನು ಪ್ರಶ್ನಿಸಲಿಲ್ಲ. ನನ್ನ ಪ್ರಶ್ನೆ ಹೊಳೆ ಪರಂಬೋಕಿನ (ಹೊಳೆಗೆ ಸೇರಿದ ಸರ್ಕಾರಿ ಜಾಗದ) ಬಗ್ಗೆ ಇದೆ. 1923ರ ನೆರೆ, 1974ರ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಪಾಣೆಮಂಗಳೂರು, ಉಪ್ಪಿನಂಗಡಿಯ ಹಿರಿಯರು ಗೋಡೆ ತೋರಿಸಿ ಹೇಳುತ್ತಿದ್ದರು. ಅದನ್ನು ತಿಳಿದೂ ಅದರೊಳಗೆ ಕಟ್ಟಡ ಎಬ್ಬಿಸಿದವರಿದ್ದಾರೆ. ಮನೆ ಪೂರ್ತಿ ಹೋದವರಿಗೆ 2019ರಲ್ಲಿ 5 ಲಕ್ಷ ಕೊಟ್ಟರು. ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ಅದೇ ಜಾಗದಲ್ಲಿ ಮತ್ತೆ ಕಟ್ಟಲು ಕೊಟ್ಟರೆ ಅದು ಮುಂದಿನ ನೆರೆಗೆ ಮುಂಗಡ ಕೊಟ್ಟಂತೆ.

ಚಾರ್ಮಾಡಿ ಅಣ್ಣ: ಮನೆಯ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ತಕರಾರಿಲ್ಲ. ಆದರೆ ಒತ್ತುವರಿ ಮಾಡಿದವರಿಗೆ ಪರಿಹಾರ ಹೋಗುತ್ತಿದೆ ಎಂಬುದು ಎಲ್ಲಿಯ ಮಾತು? ಬೆಳೆ ಪರಿಹಾರ ಹೋಗುವುದು ಪಹಣಿ ನೋಡಿ. ವರ್ಗ ಜಾಗಕ್ಕೆ (ಪಟ್ಟಾ ಇರುವ ಸ್ವಂತ ಜಾಗ) ತಾಗಿದ ಕುಮ್ಕಿಯಲ್ಲಿ (ಸೊಪ್ಪು, ಸೌದೆಗೆಂದು ಬಳಸಲು ಬಿಟ್ಟ ಸರ್ಕಾರಿ ಜಾಗ) ಎರಡು ತಲೆಮಾರಿನಿಂದ ತೋಟ ಮಾಡಿದವರಿಗೂ, ಜಾಗ ಸರ್ಕಾರದ ಹೆಸರಿನಲ್ಲಿರುವ ಕಾರಣ, ಒಂದು ಪೈಸೆ ಸಿಗುವುದಿಲ್ಲ. ಇನ್ನು ಪರಂಬೋಕಿನವನಿಗೆ ಯಾರು ಕೊಡುತ್ತಾರೆ? ನೀವು ಹಂಚಿದ ಸಂದೇಶ ದೂರುವುದು ಪರಿಹಾರ ಸಿಗದವನನ್ನು, ಅದನ್ನು ಓದಿ ತಲೆತಗ್ಗಿಸಬೇಕಾಗಿ ಬರುವುದು ತಪ್ಪು ಮಾಡದ, ಪಟ್ಟಾ ಇರುವವನಿಗೆ.

ಮಂಗಳೂರು ಭಾವ: ಹಾಗಿದ್ದರೆ ಹೊಳೆಯನ್ನು ಒಮ್ಮೆ ಸರಿಯಾಗಿ ಅಳೆದು ಗಡಿಕಲ್ಲು ಹಾಕಲಿ. ಅದನ್ನು ಹೇಳಲು ರೈತರೇ ಹಿಂಜರಿಯುತ್ತಾರೆ.

ಚಾರ್ಮಾಡಿ ಅಣ್ಣ: ಅಳೆಯಲಿ, ನಾನೇ ಅರ್ಜಿ ಕೊಡುತ್ತೇನೆ. ಆದರೆ ಯಾವ ಹೊಳೆಯನ್ನು ಅಳೆಯುತ್ತಾರೆ? ನಕ್ಷೆಯಲ್ಲಿ ಹೊಳೆ ಇರುವಲ್ಲಿ ಈಗ ಹೊಯಿಗೆಯ ದಿಬ್ಬವಿದೆ, ಹೊಳೆ ಹರಿಯುತ್ತಿರುವುದು ನನ್ನ ಪಟ್ಟಾ ಜಾಗದಲ್ಲಿ. ಆ ಭಾಗದ ತೀರ್ವೆಯನ್ನು (ಭೂಕಂದಾಯ) ಈಗಲೂ ನಾನೇ ಕಟ್ಟುತ್ತೇನೆ. ಈ ಮಳೆಗಾಲದಲ್ಲಿ ಅದರ ಪಕ್ಕದ ಪಟ್ಟಿಯೂ ಕೊರೆದುಹೋಗಿದೆ.

ಉಡುಪಿ ಚಿಕ್ಕಮ್ಮ: ಹೊಳೆ ಪಥ ಬದಲಿಸಿ ಜಾಗವೇ ಹೋದರೆ ಹೆಕ್ಟೇರಿಗೆ 47,000 ಎಂಬ ಬೇರೆಯೇ ದರ ಅದೇ ಮಾರ್ಗಸೂಚಿಯಲ್ಲಿ ಇದೆ ಮಗಾ. ಜಂಟಿ ಸರ್ವೆಗೆ ಬರುವವರು ಬೆಳೆ ಹಾನಿ ಎಂದು ಮಾತ್ರ ಬರೆದುಕೊಂಡು ಹೋಗುತ್ತಾರೆ, ನಮ್ಮಲ್ಲಿಯೂ ಹಾಗೆಯೇ ಆಯಿತು. ನೀನು ಅರ್ಜಿಯಲ್ಲಿ ಸರ್ವೆ ನಂಬರು ಹಾಕಿ ಜಾಗದ ನಷ್ಟವನ್ನೂ ಹೂಳಿನ ಆಳವನ್ನೂ ಬೇರೆ ಬೇರೆಯಾಗಿ ಬರೆ.

ಮಂಗಳೂರು ಭಾವ: ಪಹಣಿ ಮತ್ತು ನಕ್ಷೆಯ ಪ್ರತಿ ಕಳುಹಿಸಿ, ಕರಡು ನಾನು ಬರೆಯುತ್ತೇನೆ. ಹೊಳೆಯ ಎರಡೂ ದಂಡೆಯನ್ನು ಅಳೆಯಬೇಕೆಂಬ ಮಾತನ್ನೂ ಅದರಲ್ಲಿ ಸೇರಿಸುತ್ತೇನೆ.

ಚಾರ್ಮಾಡಿ ಅಣ್ಣ: ಸೇರಿಸಿ. ಎದುರು ದಂಡೆಯವರಿಗೆ ನಾನು ಇಂದೇ ತಿಳಿಸುತ್ತೇನೆ.